ಮಧ್ಯಾಹ್ನ ಎರಡು ಗಂಟೆಗೆ ರೂಮಿಗೆ ವಾಪಸ್ ಬರೋಕೆ ಆಗುತ್ತಾ? ಒರ್ಲ್ಯಾಂಡೊದಲ್ಲಿ ಉಳಿದುಕೊಳ್ಳಲು ಜಾಗ ಹುಡುಕಿದ ನನ್ನ ಅನುಭವ

2022ರ ಜುಲೈ. ಫ್ಲೋರಿಡಾದ ಒರ್ಲ್ಯಾಂಡೊ ಪಕ್ಕದ ಡಿಸ್ನಿ ವರ್ಲ್ಡ್. ಮಧ್ಯಾಹ್ನ ಎರಡು ಗಂಟೆಗೆ ನಾವು ಐದು ಜನ ಅದರ ನಾಲ್ಕು ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್ ಗೇಟಿನಿಂದ ಹೊರಗೆ ಬಂದೆವು. ಮೂರು ವರ್ಷದ ಮಗ ಸ್ಟ್ರಾಲರ್‌ನಲ್ಲಿ (ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ) ಅತ್ತು ಅತ್ತು ಆಗಷ್ಟೇ ಕಣ್ಣು ಮುಚ್ಚಿದ್ದ. ಅತ್ತೆಯವರ ಮಂಡಿ ಊದಿಕೊಂಡಿತ್ತು. ಏಳು ವರ್ಷದ ಮಗಳು ಮಾತ್ರ ಒಂದೇ ಮಾತು ಕೇಳುತ್ತಿದ್ದಳು. "ಅಮ್ಮಾ, ರಾತ್ರಿ ಬಾಣಬಿರುಸು ನೋಡೋಕೆ ವಾಪಸ್ ಬರ್ತೀವಿ ಅಲ್ವಾ?" ಖಂಡಿತ ಬರೋಣ ಎಂದೆ.

ಬರಲಿಲ್ಲ. ಮೊದಲು ದೋಣಿಗೆ ಸಾಲು. ದೋಣಿ ಇಳಿದ ಮೇಲೆ ಪಾರ್ಕಿಂಗ್ ಜಾಗಕ್ಕೆ ಟ್ರಾಮ್. ಟ್ರಾಮ್ ಹತ್ತಲು ಸ್ಟ್ರಾಲರ್ ಮಡಚಬೇಕು, ಮಗನನ್ನು ಎಬ್ಬಿಸಬೇಕು. ಕಾರು ಬಿಸಿಲಿಗೆ ಕಾದು ಕೆಂಡವಾಗಿತ್ತು. ಆಮೇಲೆ ಹೈವೇ 192ರ ಟ್ರಾಫಿಕ್ಕು. ನಾವು ಬಾಡಿಗೆಗೆ ಹಿಡಿದಿದ್ದ ಮನೆ ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಬುಕ್ ಮಾಡುವಾಗ ಮ್ಯಾಪು ತೋರಿಸಿದ್ದು 20 ನಿಮಿಷ. ಮತ್ತೆ ಅಷ್ಟೂ ದಾರಿ ತುಳಿದು ಹೋಗುವ ಶಕ್ತಿ ಯಾರಿಗೂ ಇರಲಿಲ್ಲ. ಮಗಳು ಆ ರಾತ್ರಿ ಮಾತಾಡದೆ ಮಲಗಿದಳು. ಅವಳು ಜಗಳ ಮಾಡಿದ್ದರೂ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಎರಡು ವರ್ಷ ಬಿಟ್ಟು, 2024ರ ಜೂನ್‌ನಲ್ಲಿ ಮತ್ತೆ ಹೊರಟಾಗ ಉಳಿಯುವ ಜಾಗಕ್ಕೆ ನಾನು ಇಟ್ಟುಕೊಂಡ ಪ್ರಶ್ನೆ ಒಂದೇ. ಮಧ್ಯಾಹ್ನ ಎರಡಕ್ಕೆ ಸುಸ್ತಾದರೆ ರೂಮಿಗೆ ಬಂದು, ಮಲಗಿ, ಸಂಜೆ ಆರಕ್ಕೆ ಮತ್ತೆ ಪಾರ್ಕಿಗೆ ಹೋಗೋಕೆ ಆಗುತ್ತಾ?

ಮೊದಲ ಮನೆ ಕೆಟ್ಟದ್ದೇನೂ ಆಗಿರಲಿಲ್ಲ, ಅದನ್ನು ಹೇಳಲೇಬೇಕು. ಡಿಸ್ನಿಯ ಹೊರಗೆ, ಪಕ್ಕದ ಊರು ಕಿಸಿಮ್ಮಿ ಕಡೆ ಮೂರು ಬೆಡ್‌ರೂಮಿನ ಮನೆ, ಹಿತ್ತಲಲ್ಲಿ ನಮಗೇ ಅಂತ ಒಂದು ಈಜುಕೊಳ, ವಾಷಿಂಗ್ ಮಷೀನ್, ದೊಡ್ಡ ಅಡುಗೆಮನೆ. ಒಂದು ರಾತ್ರಿಯ ಬಾಡಿಗೆ ನೋಡಿದರೆ ಡಿಸ್ನಿಯ ಒಳಗಿನ ಹೋಟೆಲುಗಳಿಗಿಂತ ಎಷ್ಟೋ ಕಡಿಮೆ. ಅಡುಗೆಮನೆ ಇದೆ ಅಂತಲೇ ನಾನು ಅದನ್ನು ಒಪ್ಪಿಕೊಂಡಿದ್ದು. ಆದರೆ ಹನ್ನೆರಡು ಗಂಟೆ ಬಿಸಿಲಲ್ಲಿ ತಿರುಗಿ ಬಂದು ರಾತ್ರಿ ಒಂಬತ್ತಕ್ಕೆ ಒಲೆ ಹಚ್ಚುವುದು ರಜೆ ಅಲ್ಲ. ಅಡುಗೆಮನೆ ಇದ್ದರೆ ಅಡುಗೆ ಮಾಡುವವರು ಯಾರು ಅನ್ನುವುದೂ ಮೊದಲೇ ತೀರ್ಮಾನ ಆಗಬೇಕು. ಈಜುಕೊಳವನ್ನು ಐದು ದಿನದಲ್ಲಿ ಎರಡು ಸಲ ಬಳಸಿದೆವು. ಮಗ ಚಿಕ್ಕವನು, ಕೊಳದ ಬಾಗಿಲಿನ ಅಲಾರಂ ಹೊಡೆದಾಗಲೆಲ್ಲ ನನ್ನ ಎದೆ ಝಲ್ ಅನ್ನುತ್ತಿತ್ತು.

ಎರಡನೇ ಸಲ ಮೊದಲು ಮಾಡಿದ ಕೆಲಸ, ಮೈಲಿ ಲೆಕ್ಕ ಬಿಟ್ಟಿದ್ದು. ಡಿಸ್ನಿ ವರ್ಲ್ಡ್ ಸುಮಾರು 25,000 ಎಕರೆ ಜಾಗ. ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಆನಿಮಲ್ ಕಿಂಗ್‌ಡಮ್ ಅಂತ ನಾಲ್ಕು ದೊಡ್ಡ ಪಾರ್ಕುಗಳು ಒಂದಕ್ಕೊಂದು ದೂರದಲ್ಲಿವೆ. ಹಾಗಾಗಿ "ಡಿಸ್ನಿ ಒಳಗೆ ಇದ್ದೀವಿ" ಅಂದ ಮಾತ್ರಕ್ಕೆ ಪಾರ್ಕು ಹತ್ತಿರ ಅಂತ ಅರ್ಥ ಅಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ ರೂಮಿನ ಬಾಗಿಲಿನಿಂದ ಪಾರ್ಕಿನ ಗೇಟಿನವರೆಗೆ ಎಷ್ಟು ನಿಮಿಷ ಅಂತ ಬರೆದುಕೊಳ್ಳುತ್ತಾ ಹೋದೆ. ರೂಮಿನಿಂದ ಬಸ್ ಸ್ಟಾಪಿಗೆ ನಡೆಯುವುದು, ಕಾಯುವುದು, ಪ್ರಯಾಣ, ಸೆಕ್ಯುರಿಟಿ, ಎಲ್ಲ ಸೇರಿಸಿ.

ಹೀಗೆ ಬರೆಯುವಾಗ ಮ್ಯಾಜಿಕ್ ಕಿಂಗ್‌ಡಮ್ ಎಲ್ಲಕ್ಕಿಂತ ಬೇರೆ ಅನ್ನುವುದು ಎದ್ದು ಕಂಡಿತು. ಉಳಿದ ಮೂರು ಪಾರ್ಕುಗಳಲ್ಲಿ ಕಾರು ನಿಲ್ಲಿಸಿದರೆ ಗೇಟು ಎದುರಿಗೇ ಇರುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ನ ಪಾರ್ಕಿಂಗ್ ಇರುವುದು ಪಾರ್ಕಿನ ಎದುರಿನ ಕೆರೆಯ ಈ ದಡದಲ್ಲಿ. ಕಾರು ಬಿಟ್ಟ ಮೇಲೆ ಮಾನೊರೈಲೋ ದೋಣಿಯೋ ಹಿಡಿದು ಆಚೆ ಹೋಗಬೇಕು. ಡಿಸ್ನಿ ಹೋಟೆಲುಗಳ ಬಸ್ಸು ಆದರೆ ನೇರ ಗೇಟಿನ ಹತ್ತಿರವೇ ಇಳಿಸುತ್ತದೆ. ಚಿಕ್ಕ ಮಕ್ಕಳು ಜಾಸ್ತಿ ಹೊತ್ತು ಕಳೆಯುವುದು ಇದೇ ಪಾರ್ಕಿನಲ್ಲಿ. ಇಲ್ಲಿ ಕಾರಿಗಿಂತ ಬಸ್ಸೇ ಬೇಗ ಅನ್ನುವುದು ಮೊದಲ ಸಲ ನಮಗೆ ಗೊತ್ತೇ ಇರಲಿಲ್ಲ.

ಈ ಪಾರ್ಕಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಕಾಂಟೆಂಪೊರರಿ ಹೋಟೆಲ್, ಹತ್ತು ಹದಿನೈದು ನಿಮಿಷದಲ್ಲಿ ನಡೆದೇ ಹೋಗಬಹುದು. ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲುಗಳಿಗೂ ಮಾನೊರೈಲ್ ಇದೆ. ಕಾಂಟೆಂಪೊರರಿ, ಪಾಲಿನೇಷಿಯನ್ ಎರಡೂ 1971ರಲ್ಲಿ ಪಾರ್ಕಿನ ಜೊತೆಗೇ ತೆರೆದವು. ಆದರೆ ಇವೆಲ್ಲ ಡೀಲಕ್ಸ್ ದರ್ಜೆ. ಐದು ರಾತ್ರಿಗೆ ಅಷ್ಟು ದುಡ್ಡು ನಮ್ಮ ಕೈಲಿ ಇರಲಿಲ್ಲ. ಆ ಮಾತು ಅಲ್ಲಿಗೇ ಬಿಟ್ಟೆವು.

ಮುಂದಿನ ತೊಡಕು ಐದು ಜನ ಅನ್ನುವುದು. ನಾಲ್ಕು ಜನರ ಕುಟುಂಬಕ್ಕೆ ಈ ಕಷ್ಟ ಗೊತ್ತಾಗುವುದಿಲ್ಲ. ಡಿಸ್ನಿಯ ಕಡಿಮೆ ದರದ ಹೋಟೆಲುಗಳಲ್ಲಿ ಮಾಮೂಲಿ ರೂಮಿಗೆ ನಾಲ್ಕೇ ಜನ. ತೊಟ್ಟಿಲಲ್ಲಿ ಮಲಗುವ, ಮೂರು ವರ್ಷದೊಳಗಿನ ಒಂದು ಮಗುವನ್ನು ಮಾತ್ರ ಹೆಚ್ಚಿಗೆ ಬಿಡುತ್ತಾರೆ. ಮಗನಿಗೆ ಆಗಲೇ ಐದು ವರ್ಷ. "ಮಗು ನಮ್ಮ ಮಧ್ಯೆ ಮಲಗುತ್ತೆ ಬಿಡಿ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಬುಕ್ ಮಾಡುವಾಗ ಎಲ್ಲರ ವಯಸ್ಸನ್ನೂ ಸರಿಯಾಗಿ ಹಾಕಿ. ಸುಳ್ಳು ಲೆಕ್ಕ ಕೊಟ್ಟು ಹೋಗಿ ಕೌಂಟರಿನಲ್ಲಿ ನಿಂತು ಒದ್ದಾಡುವುದು ಬೇಡ.

ಎರಡು ರೂಮು ತಗೊಳ್ಳಬಹುದಿತ್ತು. ಆದರೆ ಅತ್ತೆಯವರನ್ನು ರಾತ್ರಿ ಬೇರೆ ರೂಮಿನಲ್ಲಿ ಒಬ್ಬರನ್ನೇ ಬಿಡಲು ನನಗೆ ಮನಸ್ಸಿರಲಿಲ್ಲ. ಕೊನೆಗೆ ಆರ್ಟ್ ಆಫ್ ಆನಿಮೇಷನ್ ಹೋಟೆಲಿನ ಫ್ಯಾಮಿಲಿ ಸೂಟ್ ಸಿಕ್ಕಿತು. ಆರು ಜನ ಮಲಗಬಹುದು, ಎರಡು ಬಾತ್‌ರೂಮು, ಸಣ್ಣ ಫ್ರಿಜ್, ಮೈಕ್ರೊವೇವ್, ಒಂದು ಸಿಂಕು. ಒಲೆ ಇಲ್ಲ. ನನಗೆ ಅದೇ ಬೇಕಾಗಿತ್ತು. ಎರಡು ಬಾತ್‌ರೂಮಿನ ಬೆಲೆ ಬೆಳಗ್ಗೆ ಏಳು ಗಂಟೆಗೆ ಐದೂ ಜನ ಒಟ್ಟಿಗೆ ಹೊರಡುವಾಗಲೇ ಗೊತ್ತಾಗುವುದು.

ಇದಕ್ಕೆ ಮುಂಚೆ ಇನ್ನೊಂದು ಹೋಟೆಲು ಹೆಚ್ಚುಕಮ್ಮಿ ಬುಕ್ ಮಾಡಿಬಿಟ್ಟಿದ್ದೆ. ಡಿಸ್ನಿಯ ಹೊರಗಿನದು, ದೊಡ್ಡ ರೂಮು, ಬೆಳಗಿನ ತಿಂಡಿ ಉಚಿತ, "ಪಾರ್ಕಿಗೆ ಉಚಿತ ಶಟಲ್". ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿದೆ. ಶಟಲ್ ದಿನಕ್ಕೆ ಎಷ್ಟು ಸಲ ಹೊರಡುತ್ತೆ? ಮ್ಯಾಜಿಕ್ ಕಿಂಗ್‌ಡಮ್‌ಗೆ ಎಲ್ಲಿ ಇಳಿಸುತ್ತೆ? ಮಧ್ಯಾಹ್ನ ವಾಪಸ್ ಬರೋ ಟ್ರಿಪ್ ಇದೆಯಾ? ಬೆಳಗ್ಗೆ ಎರಡು ಸಲ ಹೋಗುತ್ತೆ, ರಾತ್ರಿ ಎರಡು ಸಲ ಬರುತ್ತೆ, ಮಧ್ಯಾಹ್ನ ಇಲ್ಲ ಅಂದರು. ಇಳಿಸುವುದು ಅದೇ ಕೆರೆಯ ಈ ದಡದ ಪಾರ್ಕಿಂಗ್ ಹತ್ತಿರ. ಅವರು ನಿಜ ಹೇಳಿದ್ದಕ್ಕೆ ಮನಸಾರೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. "ಉಚಿತ ಶಟಲ್" ಅಂತ ಕಂಡರೆ ನೀವೂ ಈ ಮೂರು ಪ್ರಶ್ನೆ ಕೇಳದೆ ಮುಂದೆ ಹೋಗಬೇಡಿ.

ದುಡ್ಡಿನ ಲೆಕ್ಕವನ್ನು ನಮ್ಮ ಯಜಮಾನರು ಕೂತು ಹಾಕಿದರು. ಮೊದಲ ಸಲ ನಾವು ರಾತ್ರಿಯ ಬಾಡಿಗೆ ಮಾತ್ರ ನೋಡಿದ್ದೆವು. ಅದರ ಮೇಲೆ ಟ್ಯಾಕ್ಸ್ ಇದೆ. ಒರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಎಲ್ಲ ಸೇರಿ ನೂರಕ್ಕೆ 12.5, ಕಿಸಿಮ್ಮಿ ಇರುವ ಆಸಿಯೋಲಾ ಕೌಂಟಿಯಲ್ಲಿ 13.5. ಬಾಡಿಗೆ ಮನೆಗೆ ಕ್ಲೀನಿಂಗ್ ಫೀ, ಹೊರಗಿನ ಎಷ್ಟೋ ಹೋಟೆಲುಗಳಿಗೆ ದಿನಕ್ಕಿಷ್ಟು ಅಂತ ರೆಸಾರ್ಟ್ ಫೀ, ರಾತ್ರಿ ಕಾರು ನಿಲ್ಲಿಸಲು ಬೇರೆ. ಪಾರ್ಕಿನಲ್ಲಿ ಕಾರು ನಿಲ್ಲಿಸಲು 2022ರಲ್ಲಿ ದಿನಕ್ಕೆ 25 ಡಾಲರ್ ಕೊಟ್ಟಿದ್ದೆವು, 2023ರಲ್ಲಿ ಅದು 30 ಆಯಿತು. ಐದು ದಿನಕ್ಕೆ 150 ಡಾಲರ್. ಕಾರಿನ ಬಾಡಿಗೆ, ಪೆಟ್ರೋಲು ಬೇರೆ. ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಪಾರ್ಕಿನ ಪಾರ್ಕಿಂಗ್ ಉಚಿತ, 2023ರ ಜನವರಿಯಿಂದ ಹೋಟೆಲಿನಲ್ಲಿ ನಾವೇ ಕಾರು ನಿಲ್ಲಿಸಿಕೊಂಡರೆ ಅದೂ ಉಚಿತ. ರೆಸಾರ್ಟ್ ಫೀ ಇಲ್ಲ. ನಾವಂತೂ ಕಾರೇ ಬೇಡ ಅಂತ ತೀರ್ಮಾನಿಸಿದೆವು. ಏರ್‌ಪೋರ್ಟಿನಿಂದ ಡಿಸ್ನಿ ಹೋಟೆಲುಗಳಿಗೆ ಮೊದಲಿದ್ದ ಉಚಿತ ಬಸ್ಸು 2022ರ ಜನವರಿಯಲ್ಲಿ ನಿಂತಿದೆ. ಹಳೆಯ ಮಾತು ನಂಬಿ ಹೋಗಬೇಡಿ, ಈಗ ದುಡ್ಡು ಕೊಟ್ಟೇ ಹೋಗಬೇಕು.

ಎಲ್ಲ ಕೂಡಿಸಿದರೂ ಸೂಟ್ ದುಬಾರಿಯೇ ಆಯಿತು. ಆದರೆ ಮೊದಲು ಕಂಡಿದ್ದ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಜಾಸ್ತಿ ಕರಗಿಹೋಗಿತ್ತು. ಉಳಿದದ್ದನ್ನು ನಾವು ಆ ಮಧ್ಯಾಹ್ನದ ನಿದ್ದೆಗೆ ಕೊಟ್ಟೆವು ಅಂದುಕೊಂಡೆವು. ಇನ್ನೊಂದು ಒಳ್ಳೆಯ ಸುದ್ದಿ. 2025ರ ಮೇ 12ರಿಂದ ಅಮೆರಿಕದಲ್ಲಿ ಹೋಟೆಲು, ಬಾಡಿಗೆ ಮನೆಗಳು ಕಡ್ಡಾಯ ಫೀಗಳನ್ನೆಲ್ಲ ಸೇರಿಸಿಯೇ ಬೆಲೆ ತೋರಿಸಬೇಕು ಅಂತ ನಿಯಮ ಬಂದಿದೆ. ರೆಸಾರ್ಟ್ ಫೀ ಕೊನೆಯ ಪುಟದಲ್ಲಿ ಹೊರಬರುವ ಕಾಟ ಇದರಿಂದ ತಪ್ಪುತ್ತದೆ. ಆದರೆ ಪಾರ್ಕಿಂಗ್ ಬೇಕಾದವರಿಗೆ ಮಾತ್ರ ಅಂತ ಇದ್ದರೆ ಅದು ಆ ಬೆಲೆಯಲ್ಲಿ ಬರುವುದಿಲ್ಲ. ಅದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಈ ಹೋಟೆಲನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣ ಸ್ಕೈಲೈನರ್. 2019ರಲ್ಲಿ ಶುರುವಾದ ಕೇಬಲ್ ಕಾರು ಅದು. ಆರ್ಟ್ ಆಫ್ ಆನಿಮೇಷನ್ ಮತ್ತು ಪಕ್ಕದ ಪಾಪ್ ಸೆಂಚುರಿ ಹೋಟೆಲುಗಳ ನಡುವಿನ ಕೆರೆಯ ಮೇಲೆ ಅದರ ನಿಲ್ದಾಣ. ಕೆರಿಬಿಯನ್ ಬೀಚ್ ಹೋಟೆಲಿನ ಹತ್ತಿರ ಬದಲಾಯಿಸಿದರೆ ಒಂದು ದಾರಿ ಹಾಲಿವುಡ್ ಸ್ಟುಡಿಯೋಸ್‌ಗೆ, ಇನ್ನೊಂದು ಎಪ್ಕಾಟ್‌ನ ಹಿಂಬದಿಯ ಗೇಟಿಗೆ. ಬಸ್ಸಿನಲ್ಲಿ ಸ್ಟ್ರಾಲರ್ ಮಡಚಬೇಕು, ಸ್ಕೈಲೈನರ್‌ನಲ್ಲಿ ಬೇಡ. ಮಲಗಿದ ಮಗುವನ್ನು ಹಾಗೇ ಒಳಗೆ ತಳ್ಳಿಕೊಂಡು ಹೋಗಬಹುದು. ಮೊದಲ ದಿನ ಹಾಲಿವುಡ್ ಸ್ಟುಡಿಯೋಸ್‌ನಿಂದ ಮಧ್ಯಾಹ್ನ ಒಂದೂವರೆಗೆ ಹೊರಟು, ಎರಡಕ್ಕೆ ಐದು ನಿಮಿಷ ಇರುವಾಗ ರೂಮಿನ ಬಾಗಿಲು ತೆಗೆದೆ. ಮಗ ಎಚ್ಚರವೇ ಆಗಿರಲಿಲ್ಲ. ಸ್ಟ್ರಾಲರ್‌ನಿಂದ ಎತ್ತಿ ಹಾಸಿಗೆಗೆ ಹಾಕಿದೆ, ಅಷ್ಟೇ. ಅತ್ತೆಯವರು ಕಾಲು ಚಾಚಿಕೊಂಡು, "ಇಷ್ಟು ಹತ್ತಿರ ಇದ್ದರೆ ನಾನು ಎಷ್ಟು ದಿನ ಬೇಕಾದರೂ ತಿರುಗ್ತೀನಮ್ಮಾ" ಅಂದರು.

ಅದಕ್ಕೂ ಮಿತಿ ಇದೆ. ಗುಡುಗು ಮಿಂಚು ಬಂದರೆ ಸ್ಕೈಲೈನರ್ ನಿಲ್ಲಿಸುತ್ತಾರೆ, ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಾಮೂಲು. ಡಬ್ಬಿಗಳಲ್ಲಿ ಎಸಿ ಇಲ್ಲ, ಓಡುವಾಗ ಗಾಳಿ ಬರುತ್ತದೆ, ನಿಂತರೆ ಸೆಕೆ. ನಮ್ಮ ಮೂರನೇ ಸಂಜೆ ನಿಂತೇ ಹೋಯಿತು, ಬಸ್ಸಿನಲ್ಲಿ ಬಂದೆವು. ಮ್ಯಾಜಿಕ್ ಕಿಂಗ್‌ಡಮ್‌ಗೂ ಆನಿಮಲ್ ಕಿಂಗ್‌ಡಮ್‌ಗೂ ಸ್ಕೈಲೈನರ್ ಹೋಗುವುದೇ ಇಲ್ಲ, ಅಲ್ಲಿಗೆ ಬಸ್ಸೇ ಗತಿ. ಆನಿಮಲ್ ಕಿಂಗ್‌ಡಮ್ ದಿನ ಬಸ್ಸಿಗೆ ಅರ್ಧ ಗಂಟೆ ಕಾದೆವು.

ಡಿಸ್ನಿ ಹೋಟೆಲಿನವರಿಗೆ ಯಾವ ಪಾರ್ಕಿಗಾದರೂ ಪ್ರತಿ ದಿನ ಅರ್ಧ ಗಂಟೆ ಮುಂಚೆ ಪ್ರವೇಶ ಸಿಗುತ್ತದೆ. ಮಕ್ಕಳು ಬೆಳಗ್ಗೆ ಬೇಗ ಏಳುವವರಾದರೆ ಇದು ತುಂಬ ಉಪಯೋಗ. ನಾವು ಎರಡು ದಿನ ಬಳಸಿದೆವು, ಉಳಿದ ದಿನ ಮಲಗಿದೆವು. ಇದೊಂದಕ್ಕೇ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಕೊನೆಯ ಒಂದು ರಾತ್ರಿ ಒರ್ಲ್ಯಾಂಡೊದಲ್ಲೇ ಇರುವ, ಬೇರೆ ಕಂಪನಿಯ ಪಾರ್ಕುಗಳಾದ ಯೂನಿವರ್ಸಲ್ ಕಡೆ ಹೋದೆವು. ಇಲ್ಲಿ ಲೆಕ್ಕ ಬೇರೆಯೇ. ಅಲ್ಲಿನ ರಾಯಲ್ ಪೆಸಿಫಿಕ್, ಹಾರ್ಡ್ ರಾಕ್, ಪೋರ್ಟೊಫಿನೊ ಬೇ, ಈ ಮೂರು ಹೋಟೆಲುಗಳಲ್ಲಿ ಉಳಿದರೆ ಎಕ್ಸ್‌ಪ್ರೆಸ್ ಪಾಸು ರೂಮಿನ ಜೊತೆಗೇ ಬರುತ್ತದೆ. ಹೆಚ್ಚಿನ ಆಟಗಳಲ್ಲಿ ಉದ್ದ ಸಾಲು ತಪ್ಪುತ್ತದೆ. ಬರುವ ದಿನ, ಹೋಗುವ ದಿನ ಎರಡಕ್ಕೂ ಅದು ನಡೆಯುತ್ತದೆ. ಅಂದರೆ ಒಂದು ರಾತ್ರಿಗೆ ಎರಡು ದಿನದ ಪಾಸು. ಐದು ಪಾಸು ಬೇರೆ ಕೊಳ್ಳುವ ದುಡ್ಡು ನೋಡಿದರೆ ದುಬಾರಿ ರೂಮೇ ಅಗ್ಗ ಆಯಿತು. ಇದು ಯೂನಿವರ್ಸಲ್ ಸ್ಟುಡಿಯೋಸ್ ಮತ್ತು ಐಲೆಂಡ್ಸ್ ಆಫ್ ಅಡ್ವೆಂಚರ್‌ಗೆ ಮಾತ್ರ. 2025ರ ಮೇ ತಿಂಗಳಲ್ಲಿ ತೆರೆದ ಅವರದೇ ಹೊಸ ಪಾರ್ಕು ಎಪಿಕ್ ಯೂನಿವರ್ಸ್‌ಗೆ ಈ ಪಾಸು ನಡೆಯುವುದಿಲ್ಲ. ನಾವು ಡಿಸ್ನಿಯಿಂದ ಯೂನಿವರ್ಸಲ್ ಹೋಟೆಲಿಗೆ ಟ್ಯಾಕ್ಸಿಯಲ್ಲಿ ಹೋದೆವು, ಮಗನಿಗೆ ಬೂಸ್ಟರ್ ಸೀಟು ನಾವೇ ಒಯ್ದಿದ್ದೆವು. ಫ್ಲೋರಿಡಾದಲ್ಲಿ ಐದು ವರ್ಷದವರೆಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ.

ಮಗಳಿಗೆ ಕೊಟ್ಟ ಮಾತು? ಮ್ಯಾಜಿಕ್ ಕಿಂಗ್‌ಡಮ್ ದಿನ ಒಂದು ಗಂಟೆಗೇ ಹೊರಟು, ಬಸ್ಸು ಹಿಡಿದು ರೂಮಿಗೆ ಬಂದೆವು. ಎಲ್ಲರೂ ಮಲಗಿದರು. ಮಗಳು ಮಾತ್ರ ಐದಕ್ಕೇ ಶೂ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದಳು. ರಾತ್ರಿ ಪಾರ್ಕಿನ ಕೋಟೆಯ ಎದುರು ನಿಂತು ಬಾಣಬಿರುಸು ಪೂರ್ತಿ ನೋಡಿದೆವು. ಅವಳು ಅಜ್ಜಿಯ ಕೈ ಹಿಡಿದುಕೊಂಡೇ ಇದ್ದಳು. ವಾಪಸ್ ಬರುವಾಗ ಬಸ್ಸಿಗೆ ದೊಡ್ಡ ಸಾಲು ಇತ್ತು, ಆದರೆ ಆ ಹೊತ್ತಿಗೆ ಯಾರೂ ಸುಸ್ತಾಗಿರಲಿಲ್ಲ.

ಎಲ್ಲರಿಗೂ ಹೀಗೇ ಮಾಡಿ ಅಂತ ಹೇಳುವುದಿಲ್ಲ. ಎರಡು ಮೂರು ಕುಟುಂಬ ಸೇರಿ ಎಂಟು ಹತ್ತು ಜನ ಹೋಗುವುದಾದರೆ, ಮಕ್ಕಳು ಹತ್ತು ದಾಟಿದ್ದರೆ, ಪಾರ್ಕಿಗೆ ಹೋಗದ ದಿನಗಳು ಜಾಸ್ತಿ ಇದ್ದರೆ ಕಿಸಿಮ್ಮಿಯ ಆ ಮನೆಯನ್ನೇ ನಾನು ಮತ್ತೆ ಹಿಡಿಯುತ್ತೇನೆ. ಮುಂದಿನ ಸಲ ನಾವು ನಾಲ್ಕೇ ಜನ ಹೋಗುವ ಯೋಚನೆ ಇದೆ, ಅತ್ತೆಯವರು ಬರೋಲ್ಲ ಅಂದಿದ್ದಾರೆ. ಹಾಗಾದರೆ ಸೂಟ್ ಬೇಡ, ಪಕ್ಕದ ಪಾಪ್ ಸೆಂಚುರಿಯ ಸಾಧಾರಣ ರೂಮು ಸಾಕು. ಸ್ಕೈಲೈನರ್ ನಿಲ್ದಾಣ ಅದೇ. ಈ ಸಲ ಒಂದು ಕೆಲಸ ಮಾತ್ರ ಮರೆಯಬಾರದು. ಆನ್‌ಲೈನ್ ಚೆಕ್-ಇನ್ ಮಾಡುವಾಗಲೇ ನಿಲ್ದಾಣಕ್ಕೆ ಹತ್ತಿರದ ರೂಮು ಬೇಕು ಅಂತ ಕೇಳಬೇಕು. ಕೊಟ್ಟೇ ಕೊಡುತ್ತಾರೆ ಅಂತಿಲ್ಲ, ಆದರೂ ಕೇಳಬೇಕು. ಕಳೆದ ಸಲ ನಮ್ಮ ರೂಮಿನಿಂದ ನಿಲ್ದಾಣಕ್ಕೇ ಎಂಟು ನಿಮಿಷದ ನಡಿಗೆ ಇತ್ತು.