ಕಸುಬು ಮೊದಲು, ಹೆಸರು ಆಮೇಲೆ: 1381ರ ಬಣ್ಣಗಾರನೊಬ್ಬನನ್ನು ಕಟ್ಟಿದ ಬಗೆ

ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ ಎಂಬ ಉದ್ದ ಹೆಸರನ್ನು ಯಾರೂ ಪೂರ್ತಿ ಹೇಳುವುದಿಲ್ಲ, ಎಲ್ಲರಿಗೂ ಅದು ಎಸ್‌ಸಿಎ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ನಡೆದ ಕೂಟದಿಂದ ಹುಟ್ಟಿದ್ದು. ಇಲ್ಲಿ ಸೇರಿದವರು 1600ಕ್ಕೂ ಹಿಂದೆ ಬದುಕಿರಬಹುದಾಗಿದ್ದ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡು, ಅವನ ಹೆಸರು ಹೊತ್ತು, ಅವನ ಬಟ್ಟೆ ತೊಟ್ಟು ಕೂಟಗಳಿಗೆ ಬರುತ್ತಾರೆ. ಆ ಮನುಷ್ಯನಿಗೆ ಪರ್ಸೋನಾ ಎನ್ನುತ್ತಾರೆ.

ಹೊಸಬರು ಸಾಮಾನ್ಯವಾಗಿ ಕಥೆಯಿಂದ ಶುರುಮಾಡುತ್ತಾರೆ. ಅಪ್ಪನನ್ನು ಶತ್ರುಗಳು ಕೊಂದರು, ಹಡಗು ಮುಳುಗಿತು, ವೈಕಿಂಗರು ಎತ್ತಿಕೊಂಡು ಹೋದರು, ಕೊನೆಗೆ ಕಾನ್‌ಸ್ಟಾಂಟಿನೋಪಲ್ ಸೇರಿದೆ. ಇದನ್ನು ಒಮ್ಮೆ ಹೇಳಿ ಮುಗಿಸಿದ ಮೇಲೆ ಮೈದಾನದಲ್ಲಿ ಇಡೀ ದಿನ ಮಾಡಲು ಕೆಲಸವೇ ಇರುವುದಿಲ್ಲ. ನಾನು ಹಿಡಿದ ದಾರಿ ತಿರುಗಾಮುರುಗ: ಮೊದಲು ಕಸುಬು, ಆಮೇಲೆ ಊರು ಮತ್ತು ವರ್ಷ, ಆಮೇಲೆ ಹೆಸರು, ಬಟ್ಟೆ ಕೊನೆಗೆ. ಕಥೆ ಬೇಕೆನಿಸಿದರೆ ತಾನಾಗಿ ಬರುತ್ತದೆ.

ಕಸುಬು ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಒಂದು ಭಾನುವಾರದಲ್ಲಿ, ಬಯಲಲ್ಲಿ, ನಾಲ್ಕು ಜನ ನೋಡುತ್ತಿರುವಾಗ ನಾನೇ ಮಾಡಬಲ್ಲೆನೆ? ಕಮ್ಮಾರಿಕೆಗೆ ಕುಲುಮೆ ಬೇಕು. ಬಿಯರ್ ಮಾಡುವುದಕ್ಕೆ ವಾರಗಳು ಬೇಕು, ಜೊತೆಗೆ ಆಯಾ ರಾಜ್ಯದ ಮದ್ಯದ ಕಾನೂನು ನೋಡಿಕೊಳ್ಳಬೇಕು. ಉಣ್ಣೆನೂಲಿಗೆ ಬಣ್ಣ ಹಾಕುವುದಕ್ಕೆ ಒಂದು ಪಾತ್ರೆ, ಒಲೆ, ಥರ್ಮಾಮೀಟರು ಸಾಕು.

ಬಣ್ಣಗಾರನೆಂದ ಮೇಲೆ ಊರು ಹುಡುಕುವುದು ಕಷ್ಟವಾಗಲಿಲ್ಲ. ಇಂಗ್ಲೆಂಡಿನ ಪೂರ್ವದಲ್ಲಿ ನಾರಿಚ್ ಎಂಬ ನೇಯ್ಗೆಯ ಪಟ್ಟಣವಿದೆ. ಅಲ್ಲಿನ ಒಂದು ಬೀದಿಯ ಹೆಸರೇ ಮ್ಯಾಡರ್‌ಮಾರ್ಕೆಟ್, ಕೆಂಪು ಬಣ್ಣದ ಮ್ಯಾಡರ್ ಬೇರು ಮಾರುತ್ತಿದ್ದ ಜಾಗ. ಪಕ್ಕದ ಇಗರ್ಜಿಗೂ ಅದೇ ಹೆಸರು ಅಂಟಿಕೊಂಡಿದೆ. ಊರು ನಿಂತಿರುವುದು ಸೀಮೆಸುಣ್ಣದ ಬಂಡೆಯ ಮೇಲೆ, ಹಾಗಾಗಿ ನೀರು ಗಡಸು. ಮ್ಯಾಡರ್‌ಗೆ ಗಡಸು ನೀರೇ ಹದ. ಇಷ್ಟು ಗೊತ್ತಾದರೆ ಪರ್ಸೋನಾಕ್ಕೆ ನೆಲ ಸಿಕ್ಕಿತು.

ವರ್ಷ ಮಾತ್ರ ಸಾಲದು, ತಿಂಗಳನ್ನೂ ಗೊತ್ತುಮಾಡಿಕೊಳ್ಳಿ. ನಾನು ಇಟ್ಟುಕೊಂಡದ್ದು 1381ರ ಏಪ್ರಿಲ್. ವಯಸ್ಸು 31 ಎಂದರೆ ಹುಟ್ಟಿದ್ದು 1350ರಲ್ಲಿ, ಹೆತ್ತವರು ಅದರ ಹಿಂದಿನ ವರ್ಷದ ಪ್ಲೇಗ್ ಮಾರಿಯನ್ನು ದಾಟಿದವರು. ಕೂಲಿಯನ್ನು ಹಳೆಯ ದರಕ್ಕೇ ಕಟ್ಟಿಹಾಕುವ 1351ರ ಕಾನೂನು ಅವನು ಕೂಸಾಗಿದ್ದಾಗಿನಿಂದಲೂ ತಲೆಯ ಮೇಲಿದೆ. 15 ದಾಟಿದವರಿಗೆಲ್ಲ ತಲೆಗೆ 12 ಪೆನ್ಸಿನ ತೆರಿಗೆಯನ್ನು ಈಗಷ್ಟೇ ಹಾಕಿದ್ದಾರೆ. ಎರಡು ತಿಂಗಳಲ್ಲಿ ದಂಗೆ ಏಳುತ್ತದೆ, ಆದರೆ ಅದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದನ್ನು ಅಭ್ಯಾಸ ಮಾಡುವುದೇ ಕಷ್ಟದ ಕೆಲಸ. ಊಟದ ವಿಷಯದಲ್ಲೂ ತಿಂಗಳು ಮುಖ್ಯ: ಆ ವರ್ಷ ಈಸ್ಟರ್ ಬಿದ್ದದ್ದು ಏಪ್ರಿಲ್ 14ಕ್ಕೆ. ಅದಕ್ಕೆ ಮುಂಚಿನ ನಲವತ್ತು ದಿನ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಯಾರ್ಮತ್‌ನಿಂದ ಬರುವ ಹೆರಿಂಗ್ ಮೀನು, ಬಟಾಣಿಯ ಗಂಜಿ, ಬಿಯರಿನಂಥ ಏಲ್. ಟೊಮೇಟೊ, ಆಲೂಗಡ್ಡೆ ಯಾರೂ ಕಂಡವರಲ್ಲ. ಮೆಣಸಿನಕಾಯಿ ಆಗ ನಮ್ಮ ನಾಡಿನಲ್ಲೂ ಇರಲಿಲ್ಲ. ಕಾಳುಮೆಣಸು ಮಾತ್ರ ನಮ್ಮ ಪಶ್ಚಿಮ ಕರಾವಳಿಯಿಂದ ಕೈರೋ, ವೆನಿಸ್ ದಾಟಿ ಅಲ್ಲಿಗೂ ಹೋಗುತ್ತಿತ್ತು, ದುಬಾರಿಯಾಗಿ.

ಇವನ್ನೆಲ್ಲ ಹತ್ತು ಪ್ರಶ್ನೆಗಳಾಗಿ ಬರೆದುಕೊಳ್ಳಿ. ಇವತ್ತು ಬೆಳಗ್ಗೆ ಏನು ತಿಂದೆ, ಬಾಡಿಗೆ ಯಾರಿಗೆ ಕೊಡುತ್ತೀಯ, ನೂಲಿಗೆ ಬಣ್ಣ ಕಚ್ಚಿಸುವ ಪಟಕ (ಆಲಂ) ಎಲ್ಲಿಂದ ಬರುತ್ತದೆ, ನಿನ್ನ ಬೀದಿಯ ಇಗರ್ಜಿ ಯಾವುದು, ಯಾರ ಮೇಲೆ ಸಿಟ್ಟು. ಪುಸ್ತಕ ನೋಡದೆ ಹತ್ತಕ್ಕೂ ಒಂದೊಂದು ವಾಕ್ಯ ಹೇಳಲು ಬಂದರೆ ಸಾಕು. (ಪಟಕದ ಉತ್ತರ: ಜಿನೋವಾದ ವರ್ತಕರು ಏಷ್ಯಾ ಮೈನರಿನ ಫೋಸಿಯಾದಿಂದ ತರುತ್ತಾರೆ.)

ಹೆಸರಿಗೆ ಕನಿಷ್ಠ ಎರಡು ಭಾಗ ಬೇಕು, ಕರೆಯುವ ಹೆಸರು ಮತ್ತು ಅದರ ಜೊತೆಗೊಂದು. ಎರಡೂ ನಿಮ್ಮ ಕಾಲದ, ನಿಮ್ಮ ಭಾಷೆಯ ದಾಖಲೆಯಲ್ಲಿ ಸಿಕ್ಕಿರಬೇಕು. ಆ ಪುಟದ ನಕಲನ್ನು ನಿಮ್ಮ ಶಾಖೆಯಲ್ಲಿ ಹೆಸರುಗಳನ್ನು ನೋಡಿಕೊಳ್ಳುವ ಹೆರಾಲ್ಡ್ ಕೈಗೆ ಕೊಟ್ಟರೆ ಅದು ಹಂತಹಂತವಾಗಿ ಮೇಲೆ ಹೋಗುತ್ತದೆ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಹೆಸರು ಬಳಸುವುದಕ್ಕೆ ಅಡ್ಡಿಯಿಲ್ಲ. 1377ರಿಂದ 1381ರವರೆಗಿನ ತಲೆಗಂದಾಯದ ಪಟ್ಟಿಗಳು ಇಂಗ್ಲಿಷ್ ಪರ್ಸೋನಾಗಳಿಗೆ ಚಿನ್ನದ ಗಣಿ, ಹಲವು ಕಡೆ ಹೆಸರಿನ ಮುಂದೆ ಕಸುಬೂ ಇದೆ. ಆ ಸೀಮೆಯಲ್ಲಿ ಬಣ್ಣಗಾರನಿಗೆ ಲಿಟ್‌ಸ್ಟರ್ ಎನ್ನುತ್ತಿದ್ದರು, ನಮ್ಮಲ್ಲಿ ನೀಲಗಾರ ಮನೆತನದ ಹೆಸರಾದ ಹಾಗೆ. ಹಾಗಾಗಿ ವಾಲ್ಟರ್ ಲಿಟ್‌ಸ್ಟರ್ ಆಗಬಹುದು. ಜೆಫ್ರಿ ಲಿಟ್‌ಸ್ಟರ್ ಆಗದು: 1381ರಲ್ಲಿ ನಾರ್ಫಕ್‌ನ ದಂಗೆಯ ಮುಂದಾಳಾಗಿದ್ದ ನಿಜವಾದ ಬಣ್ಣಗಾರ ಅವನು, ನಾರಿಚ್‌ನ ಬಿಷಪ್ ಡಿಸ್ಪೆನ್ಸರ್ ಅವನನ್ನು ಹಿಡಿದು ಕೊಲ್ಲಿಸಿದ. ಇತಿಹಾಸದ ಪ್ರಸಿದ್ಧರನ್ನು ಯಾರೂ ತಾವೇ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಕನ್ನಡದವರು ಕೇಳುವ ಮೊದಲ ಪ್ರಶ್ನೆ, ವಿಜಯನಗರದವನಾಗಬಹುದೆ ಎಂದು. ಧಾರಾಳವಾಗಿ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, 1520ರ ಹೊತ್ತಿಗೆ ಪೋರ್ಚುಗೀಸ್ ದೊಮಿಂಗೊ ಪಾಯಸ್, ಆಮೇಲೆ ಕುದುರೆ ವ್ಯಾಪಾರಿ ನ್ಯೂನಿಜ್ ಬಂದು ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾರೆ, ಯುರೋಪಿನ ಸಂಪರ್ಕಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಉಡುಪಿಗೆ ಲೇಪಾಕ್ಷಿಯ ಚಾವಣಿ ಚಿತ್ರಗಳಿವೆ: ಎತ್ತರದ ಕುಳ್ಳಾಯಿ ಟೋಪಿ, ಉದ್ದನೆಯ ಕಬ್ಬಾಯಿ ಅಂಗಿ. ಹೆಸರಿಗೆ ಶಾಸನಗಳಿವೆ. ಎಡವುವುದು ಲಿಪ್ಯಂತರದಲ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ದೀರ್ಘ, ಮಹಾಪ್ರಾಣಗಳಿಗೆ ಒಂದೇ ಪದ್ಧತಿಯನ್ನು ಕೊನೆಯವರೆಗೂ ಪಾಲಿಸಿ.

ಬಟ್ಟೆಗೆ ಬರೋಣ. ಹದಿನಾಲ್ಕನೆಯ ಶತಮಾನದ ಸಾಮಾನ್ಯರ ಉಡುಪಿಗೆ ಎರಡು ಗಟ್ಟಿ ಆಧಾರಗಳಿವೆ: ಗ್ರೀನ್‌ಲ್ಯಾಂಡಿನ ಹೆರ್ಯೊಲ್ಫ್ಸ್‌ನೆಸ್ ಸ್ಮಶಾನದಲ್ಲಿ 1921ರಲ್ಲಿ ಅಗೆದು ತೆಗೆದವು ಮತ್ತು ಸ್ವೀಡನ್ನಿನ ಬೊಕ್ಸ್ಟೆನ್ ಜೌಗಿನಲ್ಲಿ 1936ರಲ್ಲಿ ಸಿಕ್ಕ ಗಂಡಸಿನ ಮೈಮೇಲಿದ್ದವು. ಎರಡರಲ್ಲೂ ಕತ್ತರಿಕೆಯ ತತ್ವ ನಮ್ಮ ಜುಬ್ಬಕ್ಕೆ ಹತ್ತಿರ. ಮೈಗೆ ನೇರ ತುಂಡು, ಘೇರಿಗೆ ತ್ರಿಕೋನದ ಕಲಿ. ಜುಬ್ಬ ಕತ್ತರಿಸಿ ಗೊತ್ತಿದ್ದವರು ಅರ್ಧ ದಾರಿ ಮುಗಿಸಿದ ಹಾಗೆಯೇ.

ಸಾಧಾರಣ ಎತ್ತರದ ಗಂಡಸಿಗೆ, 150 ಸೆಂಟಿಮೀಟರ್ ಪನ್ನದ ಬಟ್ಟೆಯಲ್ಲಿ, ಒಳಂಗಿಗೆ ಲಿನನ್ ಎರಡೂವರೆ ಮೀಟರ್, ಮೇಲಂಗಿಗೆ ಟ್ವಿಲ್ ನೇಯ್ಗೆಯ ಉಣ್ಣೆ 3 ಮೀಟರ್, ಕಾಲುಚೀಲದಂಥ ಹೋಸ್‌ಗೆ ಒಂದೂಕಾಲು, ಕುಲಾವಿಯಂಥ ಹುಡ್‌ಗೆ ಮುಕ್ಕಾಲು ಮೀಟರ್ ಬೇಕು. ಲಿನನ್ನನ್ನು ಕತ್ತರಿಸುವ ಮೊದಲು ಬಿಸಿನೀರಲ್ಲಿ ಎರಡು ಸಲ ಒಗೆದು ಒಣಗಿಸಿ. ಇಲ್ಲದಿದ್ದರೆ ಹೊಲಿದ ಮೇಲೆ ಮೊದಲ ಒಗೆತಕ್ಕೇ ತೋಳು ಮೊಣಕೈಯತ್ತ ಸರಿಯುತ್ತದೆ.

ಕಲಿಗೆ 60 ಸೆಂಟಿಮೀಟರ್ ಉದ್ದ, 40 ಅಗಲದ ಆಯತ ಕತ್ತರಿಸಿ ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ತ್ರಿಕೋನ ಸಿಗುತ್ತವೆ. ಬುಡವನ್ನು ಬಿಟ್ಟರೆ ಪ್ರತಿ ತ್ರಿಕೋನಕ್ಕೂ ನೇರ ಎಳೆಯ ಒಂದು ಅಂಚು, ಓರೆಯಾದ ಒಂದು ಅಂಚು. ಓರೆ ಅಂಚು ಎಳೆದರೆ ಹಿಗ್ಗುತ್ತದೆ, ಆದ್ದರಿಂದ ಅದನ್ನು ಮೈತುಂಡಿನ ನೇರ ಅಂಚಿಗೇ ಸೇರಿಸಬೇಕು. ಓರೆಗೆ ಓರೆ ಸೇರಿಸಿದ ಅಂಗಿ ಒಂದೇ ದಿನದಲ್ಲಿ ಜೋಲುತ್ತದೆ. ಮುಂದೆ ಮತ್ತು ಹಿಂದೆ ನಡುವಿನಲ್ಲಿ ಸೀಳಿ ಕೂರಿಸುವ ಕಲಿಯ ತುದಿಯೇ ಎಲ್ಲರಿಗೂ ತೊಂದರೆ ಕೊಡುವ ಜಾಗ. ಅದನ್ನು ಮೆಷಿನ್ನಿನಲ್ಲಿ ಹೊಲಿಯಬೇಡಿ. ತುದಿಯಿಂದ ಕೆಳಕ್ಕೆ, ಒಂದೊಂದೇ ಬದಿಯನ್ನು, ಜೇನುಮೇಣ ಸವರಿದ ಲಿನನ್ ದಾರದಲ್ಲಿ ಬ್ಯಾಕ್‌ಸ್ಟಿಚ್ ಹಾಕಿ. ಎರಡೂ ಬದಿಯನ್ನು ಒಟ್ಟಿಗೆ ಮುಗಿಸಲು ಹೋದರೆ ತುದಿಯಲ್ಲಿ ಸಣ್ಣ ಗಂಟಿನ ಹಾಗೆ ಬಟ್ಟೆ ಉಬ್ಬಿ ನಿಲ್ಲುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ. ಬಗಲಿಗೆ 12 ಸೆಂಟಿಮೀಟರಿನ ಚೌಕ ತುಂಡು. ಎಲ್ಲ ಮುಗಿದ ಮೇಲೆ ಅಂಗಿಯನ್ನು ಒಂದು ರಾತ್ರಿ ನೇತುಹಾಕಿ, ಇಳಿದಷ್ಟು ಇಳಿಯಲಿ, ಆಮೇಲೆ ಕೆಳಗಿನ ಅಂಚು ಮಡಚಿ.

ನಡುಪಟ್ಟಿ ಬಿಳಿಯದಾಗಬಾರದು, ಎಸ್‌ಸಿಎಯಲ್ಲಿ ಅದು ನೈಟ್ ಬಿರುದು ಪಡೆದವರಿಗೆ ಮೀಸಲು.

ಈಗ ಗಿಲ್ಡ್, ಅಂದರೆ ಒಂದೇ ಕಸುಬಿನವರ ಸಂಘ. ಒಬ್ಬನೇ ಬಣ್ಣಗಾರ ಪರ್ಸೋನಾ ಹೊತ್ತು ಕೂತರೆ ವೇಷ. ಐದಾರು ಜನ ಒಂದೇ ಪಾತ್ರೆಯ ಸುತ್ತ ನಿಂತರೆ ಕೇರಿ. 1388–89ರಲ್ಲಿ ಎರಡನೆಯ ರಿಚರ್ಡ್ ದೇಶದ ಗಿಲ್ಡ್‌ಗಳೆಲ್ಲ ತಮ್ಮ ಕಟ್ಟಳೆಗಳನ್ನು ಬರೆದು ಕಳಿಸಬೇಕೆಂದ, ನಾರಿಚ್‌ನವೂ ಉಳಿದಿವೆ. ಅವುಗಳಲ್ಲಿ ತಂತ್ರಕ್ಕಿಂತ ಮೇಣದಬತ್ತಿ, ವರ್ಷದ ಊಟ, ಕಷ್ಟಕ್ಕೆ ಬಿದ್ದ ಸದಸ್ಯನಿಗೆ ನೆರವು, ಸತ್ತವನ ಹೆಣ ಹೊರುವುದು ಇವೇ ತುಂಬಿವೆ. ಹವ್ಯಾಸದ ಗಿಲ್ಡ್‌ಗೂ ಅದೇ ಮಾದರಿ ಒಳ್ಳೆಯದು. ನಮ್ಮ ಕಟ್ಟಳೆ ಒಂದೇ ಪುಟ: ಸೇರುವ ದಿನ, ಪಾತ್ರೆ ಯಾರ ಮನೆಯಲ್ಲಿ, ವರ್ಷಕ್ಕೊಂದು ಊಟ, ಲೆಕ್ಕ ಬರೆಯುವವರು ಯಾರು.

ದರ್ಜೆಗಳ ವಿಷಯದಲ್ಲಿ ಎಚ್ಚರ ಬೇಕು. ಅಪ್ರೆಂಟಿಸ್, ಜರ್ನಿಮನ್, ಮಾಸ್ಟರ್ ಎಂದು ಇಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಎಸ್‌ಸಿಎಯಲ್ಲಿ ಮಾಸ್ಟರ್ ಎಂಬುದು ಲಾರೆಲ್, ಪೆಲಿಕನ್‌ನಂಥ ದೊಡ್ಡ ಮನ್ನಣೆ ಪಡೆದವರ ಬಿರುದು, ಅಪ್ರೆಂಟಿಸ್ ಎಂದರೆ ಲಾರೆಲ್ ಒಬ್ಬರ ಶಿಷ್ಯ, ವಾಡಿಕೆಯಂತೆ ಹಸಿರು ನಡುಪಟ್ಟಿ ಕಟ್ಟುವವನು. ಗಿಲ್ಡ್‌ನವರು ಅದೇ ಮಾತು ಬಳಸಿದರೆ ಊಟದ ಮೇಜಿನಲ್ಲಿ ಮುನಿಸು ಖಂಡಿತ. ನಾವು ಇಟ್ಟುಕೊಂಡದ್ದು ಹೊಸ ಕೈ, ಹಳೆ ಕೈ ಮತ್ತು ವಾರ್ಡನ್. ಬಣ್ಣ ಹಾಕಿದ ನೂಲು ಕಟ್ಟಿ ವಿವರ ಬರೆದ ನಮೂನೆ ಕಾರ್ಡು ಆರು ಮುಗಿಸಿದವರು ಹಳೆ ಕೈ. ಪರೀಕ್ಷೆ, ಅಂಕ ಏನೂ ಇಲ್ಲ. ಪರೀಕ್ಷೆ ಇಟ್ಟ ಗಿಲ್ಡ್‌ಗಳಲ್ಲಿ ಪರೀಕ್ಷಿಸುವವರು ಊರು ಬಿಟ್ಟ ದಿನವೇ ಎಲ್ಲ ನಿಲ್ಲುತ್ತದೆ. ದುಡ್ಡಿನ ವಿಷಯ: ಗಿಲ್ಡ್ ತನ್ನದೇ ಬ್ಯಾಂಕ್ ಖಾತೆ ತೆರೆಯಬಾರದು, ಏನಿದ್ದರೂ ಶಾಖೆಯ ಎಕ್ಸ್‌ಚೆಕರ್, ಅಂದರೆ ಖಜಾಂಚಿಯ ಮೂಲಕ. ಚಂದಾ ಬದಲು ಸಾಮಾನು ಹಂಚಿಕೊಂಡರೆ ಈ ರಗಳೆಯೇ ಇರುವುದಿಲ್ಲ.

ಒಂದು ಕೂಟದ ಲೆಕ್ಕ ಹೀಗಿದೆ. 10 ಗ್ರಾಮಿನ 30 ಲಡಿ, ಒಟ್ಟು 300 ಗ್ರಾಂ ಉಣ್ಣೆನೂಲು. ಪ್ರತಿ ಲಡಿಗೆ ನಾಲ್ಕು ಕಡೆ ಎಂಟರ ಆಕಾರದಲ್ಲಿ ಸಡಿಲವಾಗಿ ದಾರ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಗಂಟಿನಡಿ ಬಣ್ಣ ಹೋಗದೆ ಬಿಳಿ ಉಂಗುರ ಉಳಿಯುತ್ತದೆ. ಕಾಗದದ ಚೀಟಿ ಕರಗಿಹೋಗುತ್ತದೆ, ಅದಕ್ಕೆ ಒಬ್ಬೊಬ್ಬರಿಗೆ ಇಷ್ಟಿಷ್ಟು ಗಂಟೆಂದು ದಾರದ ತುದಿಯಲ್ಲೇ ಗುರುತು. ಶನಿವಾರ ಸಂಜೆ ಸೌಮ್ಯ ಸೋಪಿನ ಬಿಸಿನೀರಲ್ಲಿ ಜಿಡ್ಡು ತೆಗೆದು, 10 ಲೀಟರ್ ನೀರಿಗೆ 36 ಗ್ರಾಂ ಪಟಕ, 18 ಗ್ರಾಂ ಕ್ರೀಮ್ ಆಫ್ ಟಾರ್ಟರ್ ಹಾಕಿ, ಒಂದು ಗಂಟೆಯಲ್ಲಿ ನಿಧಾನಕ್ಕೆ 80 ಡಿಗ್ರಿಗೆ ಏರಿಸಿ, ಇನ್ನೊಂದು ಗಂಟೆ ಅಲ್ಲೇ ಹಿಡಿದು, ರಾತ್ರಿಯಿಡೀ ಅದರಲ್ಲೇ ಆರಲು ಬಿಡಿ. ಬಿಸಿಯಿಂದ ತಣ್ಣೀರಿಗೆ ಎಸೆದರೆ ಉಣ್ಣೆ ಮುದ್ದೆಗಟ್ಟುತ್ತದೆ, ಸರಿಪಡಿಸಲಾಗದು. ಪಾತ್ರೆ 16 ಲೀಟರಿನದು, ಸ್ಟೀಲು ಅಥವಾ ಎನಾಮಲ್ಲು. ಕಬ್ಬಿಣದ್ದಾದರೆ ಬಣ್ಣ ಮಂಕು. ಬಣ್ಣದ ಪಾತ್ರೆಯಲ್ಲಿ ಇನ್ನೆಂದೂ ಅಡುಗೆ ಮಾಡುವಂತಿಲ್ಲ.

ಅದೇ ರಾತ್ರಿ 300 ಗ್ರಾಂ ಕತ್ತರಿಸಿದ ಮ್ಯಾಡರ್ ಬೇರನ್ನು ಬೇರೆ ನೆನೆಹಾಕಿ, ಬೆಳಗ್ಗೆ ಬಟ್ಟೆಚೀಲದಲ್ಲಿ ಕಟ್ಟಿ ಪಾತ್ರೆಗೆ ಇಳಿಸಿ. ಊರಿನ ನೀರು ಮೆದುವಾಗಿದ್ದರೆ ಒಂದು ಚಮಚ ಸೀಮೆಸುಣ್ಣದ ಪುಡಿ. ಆಮೇಲಿನ ಎರಡು ಗಂಟೆ ಥರ್ಮಾಮೀಟರ್ ಬಿಟ್ಟು ಕದಲಬೇಡಿ. 65 ಡಿಗ್ರಿ ಸರಿ, 70 ದಾಟಿದರೆ ಬೇರಿನೊಳಗಿನ ಕಂದು ಬಣ್ಣಗಳು ಹೊರಬಂದು ಕೆಂಪನ್ನು ಇಟ್ಟಿಗೆಯ ಬಣ್ಣಕ್ಕೆ ತಿರುಗಿಸುತ್ತವೆ. ಗಿಲ್ಡ್‌ನ ಹೆಚ್ಚಿನ ಕಾರ್ಡುಗಳು ಹಾಳಾಗಿರುವುದು ಇಲ್ಲಿಯೇ, ಮಾತಿನ ಭರದಲ್ಲಿ. ನಮ್ಮ ಮಂಜಿಷ್ಠ ಇದರ ಸಂಬಂಧಿಯೇ, ಆದರೆ ಕೆಂಪು ಕಿತ್ತಳೆಯತ್ತ ವಾಲುತ್ತದೆ, ನಾರಿಚ್‌ನವನಿಗೆ ಅದು ಸಲ್ಲದು. ಪತಂಗ ಮರದ ಚಕ್ಕೆ ಮಾತ್ರ ಸಲ್ಲುತ್ತದೆ. ಭಾರತದ ಕಡೆಯಿಂದ ಹೋಗುತ್ತಿದ್ದ ಆ ಮರಕ್ಕೆ ಯುರೋಪಿನವರು ಬ್ರೆಸಿಲ್ ಎನ್ನುತ್ತಿದ್ದರು, ಬ್ರೆಜಿಲ್ ದೇಶಕ್ಕೆ ಹೆಸರು ಬಂದದ್ದು ಆಮೇಲೆ. ಬಣ್ಣ ಸೊಗಸು, ಬಿಸಿಲಿಗೆ ನಿಲ್ಲದು.

ನೀಲಿ ಇನ್ನೊಂದು ದಿನದ ಕೆಲಸ. ಆ ಕಾಲದಲ್ಲಿ ನೀಲಿ ಕೊಡುವ ವೋಡ್ ಗಿಡದ ಎಲೆಯನ್ನು ತೌಡು, ಬೂದಿಯೊಡನೆ ದಿನಗಟ್ಟಲೆ ಬೆಚ್ಚಗಿಟ್ಟು ಹುಳಿಯಿಸುತ್ತಿದ್ದರು. ವಾಸನೆಗೆ ಪಕ್ಕದ ಡೇರೆಯವರು ಜಗಳಕ್ಕೆ ಬರುತ್ತಾರೆ, ಕೂಟದಲ್ಲಿ ಬೇಡ.

ಮ್ಯಾಡರ್ ಪಾತ್ರೆಯ ನೀರನ್ನು ಚೆಲ್ಲಬೇಡಿ. ಎರಡನೆಯ ಸಲಕ್ಕೆ ಕಿತ್ತಳೆ, ಮೂರನೆಯದಕ್ಕೆ ತೆಳು ಪೀಚ್ ಬರುತ್ತದೆ. ಪ್ರತಿ ಕಾರ್ಡಿನಲ್ಲಿ ನೂಲಿನ ತೂಕ, ಪಟಕ, ಬೇರು, ಗರಿಷ್ಠ ಶಾಖ, ಸಮಯ, ಯಾವ ಊರಿನ ನೀರು ಮತ್ತು ಎಷ್ಟನೆಯ ನೀರು ಎಂದು ಬರೆದು ಒಂದು ಗೇಣು ನೂಲು ಕಟ್ಟಿ. ಒಂದು ಕಾರ್ಡು ಮಾಡಿದವರಿಗೆ, ಅದರದೇ ಜೋಡಿ ಗಿಲ್ಡ್‌ನ ಪೆಟ್ಟಿಗೆಗೆ.