ಡೊಂಬಿವಲಿಯ ಟೆರೇಸಿನಲ್ಲಿ 640 ಗ್ರಾಂ ಟೊಮೆಟೊ: ನನ್ನ ಅನುಭವ

ಜನವರಿಯ ಒಂದು ಭಾನುವಾರ, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಕೆಳಗಿನ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಒಂದೇ ಒಂದು ಟೊಮೆಟೊ ಇಟ್ಟೆ. 640 ಗ್ರಾಂ. ಅಂಗಡಿಯವನಿಗೆ ನಂಬಿಕೆ ಬರಲಿಲ್ಲ. ಅದನ್ನು ಇಳಿಸಿ ಅರ್ಧ ಕಿಲೋ ಸಕ್ಕರೆ ಪೊಟ್ಟಣ ಇಟ್ಟು ನೋಡಿದ. ತಕ್ಕಡಿ ಸರಿಯಾಗಿಯೇ ಇತ್ತು. ಫೋಟೋ ತೆಗೆದು ಪುಣೆಯಲ್ಲಿರುವ ಭಾವನಿಗೆ ಕಳಿಸಿದೆ. ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ ಬಂತು: "ಪಕ್ಕದಲ್ಲಿ ಒಂದು ಲಿಂಬೆಹಣ್ಣು ಇಟ್ಟು ತೆಗಿ."

ಭಾವ ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ನಾಲ್ಕು ವರ್ಷದಿಂದ ನನ್ನ ಸೋಲಿನ ಕತೆ ಕೇಳಿದವರಲ್ಲಿ ಅವರೇ ಮೊದಲಿಗರು. "ನಿಮ್ಮ ಮುಂಬಯಿ ಹವೆಗೆ ಮೆಂತ್ಯ ಸೊಪ್ಪು ಸಾಕು ಮಾರಾಯಾ, ದೊಡ್ಡ ಟೊಮೆಟೊ ನಮ್ಮ ಕಡೆಗೆ ಬಿಡು" ಅನ್ನುತ್ತಿದ್ದರು. ನರ್ಸರಿಯವನೂ ಅದನ್ನೇ ಮರಾಠಿಯಲ್ಲಿ ಹೇಳಿದ್ದ, "ಇಥೇ ನಾಹೀ ಹೋಣಾರ್," ಇಲ್ಲಿ ಆಗಲ್ಲ ಅಂತ. ಊರಿನವರಂತೂ ಬಿಡಿ. ನಾವು ಕುಂದಾಪುರದ ಕಡೆಯವರು. ಅಲ್ಲಿ ಟೊಮೆಟೊ ಅಂದರೆ ಘಟ್ಟದ ಮೇಲಿಂದ ಲಾರಿಯಲ್ಲಿ ಬರುವ ಸಾಮಾನು, ಮನೆ ಹಿತ್ತಲಿನದ್ದಲ್ಲ.

ಗಿಡಕ್ಕೆ ಕೋಲು ಕಟ್ಟುವುದು ಹೇಗೆ, ಕಂಕುಳ ಚಿಗುರು ಚಿವುಟುವುದು ಹೇಗೆ ಅಂತೆಲ್ಲ ನಾನು ಇಲ್ಲಿ ಹೇಳಲ್ಲ. ಟೆರೇಸಿನಲ್ಲಿ ನಾಲ್ಕು ಬಕೆಟ್ ಇಟ್ಟವರಿಗೆಲ್ಲ ಅದು ಗೊತ್ತಿರುತ್ತೆ. ನನ್ನ ದುಡ್ಡು ಎಲ್ಲೆಲ್ಲಿ ಹೋಯಿತು, ಕೊನೆಗೆ ಏನು ಕೈ ಹಿಡಿಯಿತು ಅನ್ನುವುದನ್ನು ಮಾತ್ರ ಬರೆಯುತ್ತೇನೆ. ಲೆಕ್ಕ ಎಲ್ಲ ನೆನಪಿನಿಂದ, ಐವತ್ತು ನೂರು ಆಚೀಚೆ ಆಗಬಹುದು.

2021ರಲ್ಲಿ ಶುರು. ಬ್ರಾಂಡಿವೈನ್, ಚೆರೋಕಿ ಪರ್ಪಲ್, ಆಕ್ಸ್‌ಹಾರ್ಟ್ ಅನ್ನುವ ದೊಡ್ಡ ಹಣ್ಣಿನ ತಳಿಗಳ ಮೂರು ಪ್ಯಾಕೆಟ್ ಬೀಜ ತರಿಸಿದೆ. ಹೆಚ್ಚುಕಮ್ಮಿ 450 ರೂಪಾಯಿ, ಒಂದೊಂದರಲ್ಲಿ ಹದಿನೈದೋ ಇಪ್ಪತ್ತೋ ಕಾಳು. ಅಮ್ಮ ಪ್ಯಾಕೆಟ್ ಓದಿ, "ಬ್ರಾಂಡಿಯೂ ಉಂಟು, ವೈನೂ ಉಂಟು, ಇದೆಂತ ತರಕಾರಿಯಾ?" ಅಂದಳು. ಮಳೆ ಬಂತಲ್ಲ ಅಂತ ಜೂನ್‌ನಲ್ಲೇ ಬಿತ್ತಿದೆ. ಊರಲ್ಲಿ ಎಲ್ಲವನ್ನೂ ಮಳೆಗೇ ಹಾಕುವ ಅಭ್ಯಾಸ ಅಲ್ವಾ. ಸಸಿಗಳು ಬುಡ ಕೊಳೆತು ಒಂದರ ಮೇಲೊಂದು ಮಲಗಿದವು. ಉಳಿದ ಮೂರು ಗಿಡ ಆಗಸ್ಟ್ ತನಕ ಎಲೆ ಚುಕ್ಕೆಯೊಂದಿಗೆ ಒದ್ದಾಡಿ ಸತ್ತವು. ಒಂದು ಹೂವೂ ನೋಡಲಿಲ್ಲ.

ಎರಡನೇ ಸಲ ಎಲ್ಲರ ಮಾತು ಕೇಳಿ ದೀಪಾವಳಿ ಕಳೆದ ಮೇಲೆ ಬಿತ್ತಿದೆ. ಗಿಡ ಏನು ಚಂದ ಬಂತು ಅಂತೀರಿ! ಬದಲಾಪುರ ಕಡೆಯಿಂದ ಟೆಂಪೋದಲ್ಲಿ ಕೆಂಪು ಮಣ್ಣು ತರಿಸಿದ್ದೆ, ಬಾಡಿಗೆ ಸೇರಿ 1,800. ಜನವರಿ ಕೊನೆಗೆ ಆಳೆತ್ತರ. ಮೊದಲ ಹೂವು ಬಿಟ್ಟ ವಾರವೇ ಒಂದು ಗಿಡ ಮಧ್ಯಾಹ್ನ ಬಾಡಿತು, ಸಂಜೆ ಎದ್ದಿತು. ಮರುದಿನ ಏಳಲಿಲ್ಲ. ಎಲೆ ಹಸಿರಾಗಿಯೇ ಇತ್ತು. ನೀರು ಕಮ್ಮಿ ಆಯ್ತು ಅಂತ ಅಮ್ಮ ಇನ್ನೊಂದು ಕೊಡ ಸುರಿದಳು. ನನಗೆ ಅನುಮಾನ ಬಂತು. ಬುಡದ ಹತ್ತಿರ ಬೆರಳುದ್ದ ಕಾಂಡ ಕತ್ತರಿಸಿ, ಗಾಜಿನ ಲೋಟದಲ್ಲಿ ನೀರು ಹಾಕಿ, ಕತ್ತರಿಸಿದ ತುದಿ ಮಾತ್ರ ಮುಳುಗುವ ಹಾಗೆ ದಾರದಲ್ಲಿ ನೇತು ಹಾಕಿದೆ. ಐದು ನಿಮಿಷ ಆಗಿರಬಹುದು. ತುದಿಯಿಂದ ಹಾಲಿನ ಎಳೆಯಂಥದ್ದು ನೆಟ್ಟಗೆ ಕೆಳಗೆ ಇಳಿಯತೊಡಗಿತು, ಅಗರಬತ್ತಿ ಹೊಗೆ ತಲೆಕೆಳಗಾದ ಹಾಗೆ. ದುಂಡಾಣು ಸೊರಗು ರೋಗ. ಕರಾವಳಿಯ ಹುಳಿ ಮಣ್ಣಿನಲ್ಲಿ ಟೊಮೆಟೊ, ಬದನೆ ಎರಡನ್ನೂ ತಿನ್ನುವುದು ಇದೇ. 1,800 ಕೊಟ್ಟು ನಾನೇ ಅದನ್ನು ಟೆಂಪೋದಲ್ಲಿ ಮನೆಗೆ ಕರೆತಂದಿದ್ದೆ! ಹತ್ತು ಗಿಡದಲ್ಲಿ ಎಂಟು ಹೋದವು. ಉಳಿದ ಎರಡರಲ್ಲಿ ಐದು ಕಾಯಿ ನಿಂತವು, ಅಷ್ಟರಲ್ಲಿ ಫೆಬ್ರವರಿ ಕೊನೆಯ ಬಿಸಿಲು ಬಂತು, ಮೇಲಿನ ಹೂವೆಲ್ಲ ಉದುರಿತು. ದೊಡ್ಡದು 140 ಗ್ರಾಂ. ಸಂತೆಯಲ್ಲಿ ಅದಕ್ಕಿಂತ ದೊಡ್ಡದು ಸಿಗುತ್ತೆ.

ಇಲ್ಲಿ ನನಗೆ ಸಹಾಯ ಮಾಡಿದ್ದು ಯಾರು ಗೊತ್ತಾ? ನಮ್ಮ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿ. ಸಹಾಯ ಮಾಡಲು ಬಂದವರೇನಲ್ಲ, ಬೈಯಲು ಬಂದಿದ್ದರು. ನಾಲ್ಕನೇ ಮಹಡಿಯ ಒಬ್ಬರ ಮನೆಯ ಛಾವಣಿಯಲ್ಲಿ ಒದ್ದೆ ಕಂಡಿತ್ತು. ಟೆರೇಸಿನ ಮೇಲೆ ಇನ್ನು ಮಣ್ಣು ಇರಕೂಡದು, ಬಕೆಟ್ ಇಟ್ಟರೂ ಇಟ್ಟಿಗೆ ಮೇಲೆ ಇಡಬೇಕು, ಕೆಳಗೊಂದು ತಟ್ಟೆ ಬೇಕು ಅಂತ ಮೀಟಿಂಗಿನಲ್ಲಿ ಪಾಸಾಯಿತು. ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೇ ದಿನ ಆ ಮಣ್ಣನ್ನೆಲ್ಲ ಚೀಲಕ್ಕೆ ತುಂಬಿ ಕೆಳಗಿಳಿಸಿದೆ, ಬಕೆಟ್ಟುಗಳನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್, ಒಂದು ಮುಷ್ಟಿ ಬೇವಿನ ಹಿಂಡಿ, ಅಷ್ಟೇ. ಮಣ್ಣಿನ ಕಣ ಇಲ್ಲ. ಅಲ್ಲಿಂದ ಇಲ್ಲಿಯ ತನಕ ಒಂದೇ ಒಂದು ಗಿಡ ಸೊರಗಿಲ್ಲ. ಬಕೆಟ್ ಅಂದರೆ ಪೇಂಟಿಂಗ್ ಕೆಲಸದವರ ಹತ್ತಿರ ಸಿಗುವ 20 ಲೀಟರಿನದು, ಆಗ ಒಂದಕ್ಕೆ 70 ರೂಪಾಯಿ. ಕೋಕೋಪೀಟ್ ಐದು ಕಿಲೋ ಇಟ್ಟಿಗೆ ಆಗ ಇನ್ನೂರರ ಹತ್ತಿರ ಇತ್ತು. ಅದನ್ನು ಎರಡು ಮೂರು ಸಲ ತೊಳೆದು ಉಪ್ಪು ತೆಗೆಯದೆ ಹಾಕಬೇಡಿ.

ಈ ನಡುವೆ ಕಸಿಯ ಹುಚ್ಚು ಹಿಡಿದಿತ್ತು. ಕುದನೆ ಅಂದರೆ ಬದನೆ ಜಾತಿಯ ಕಾಡು ಗಿಡ, ಅದಕ್ಕೆ ಸೊರಗು ರೋಗ ಅಷ್ಟಾಗಿ ತಾಗಲ್ಲ, ಅದರ ಬುಡಕ್ಕೆ ಟೊಮೆಟೊ ಕಸಿ ಕಟ್ಟಬಹುದು. ಊರಿಂದ ಕುದನೆ ಬೀಜ ತಂದೆ. ಅದು ಮೊಳೆಯಲು ತಿಂಗಳು ತೆಗೆದುಕೊಂಡಿತು, ಸುಮ್ನೆ ಕಾಯಿಸಿತು. ಶೇವಿಂಗ್ ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ, ಕೋಲ್ಡ್ ಡ್ರಿಂಕ್ ಸ್ಟ್ರಾ ಸೀಳಿ ಕ್ಲಿಪ್ ಮಾಡಿ ಹನ್ನೊಂದು ಕಸಿ ಕಟ್ಟಿದೆ. ಎರಡು ಬದುಕಿದವು. ಅದರಲ್ಲಿ ಒಂದರ ಮೇಲೆ ಪಾರಿವಾಳ ಕೂತಿತು. ಇನ್ನೊಂದು ಈಗ ಬರೀ ಕುದನೆಯಾಗಿ ಬೆಳೆದು ಅಮ್ಮನ ತಂಬುಳಿಗೆ ಕಾಯಿ ಕೊಡುತ್ತಿದೆ.

ಮೂರನೇ ವರ್ಷ ಸೊರಗು ಇಲ್ಲ, ಆದರೆ ಬಿಳಿ ನೊಣ. ಅಕ್ಟೋಬರ್ ಸೆಕೆಯಲ್ಲಿ ಅದು ಹರಡುವ ಎಲೆ ಮುದುರು ರೋಗ ಹೊಕ್ಕಿ ಅರ್ಧ ಗಿಡ ಕುಬ್ಜ ಆದವು. ಹಾಗಾಗಿ ಮುಂದಿನ ಸಲ ಬೀಜ ಮೊಳೆತ ದಿನದಿಂದ ಹೂವು ಬರುವ ತನಕ ಸಣ್ಣ ಕಣ್ಣಿನ ಬಲೆಯೊಳಗೇ ಸಾಕಿದೆ. ಬಲೆ, ಪೈಪು ಸೇರಿ 900. ಇದರಲ್ಲಿ ಕಂಜೂಸುತನ ಮಾಡಬೇಡಿ, ಆ ರೋಗಕ್ಕೆ ಔಷಧ ಇಲ್ಲ. ಎಲೆ, ಕಾಯಿ ಕೊರೆಯುವ ಟುಟಾ ಹುಳುವಿನ ಕಾಟಕ್ಕೂ ಅದೇ ಬಲೆ ಆಯಿತು. 2014ರಲ್ಲಿ ಆ ಹುಳು ನಮ್ಮ ದೇಶದಲ್ಲಿ ಮೊದಲು ಕಂಡಿದ್ದು ಪುಣೆಯಲ್ಲೇ. ಭಾವ ಜಾಸ್ತಿ ಮಾತಾಡಿದಾಗ ಇದನ್ನು ನೆನಪಿಸುತ್ತೇನೆ.

ಆದರೆ ನಿಜವಾದ ಗುಟ್ಟು ಮಣ್ಣಿನಲ್ಲೂ ಇರಲಿಲ್ಲ, ಬಲೆಯಲ್ಲೂ ಇರಲಿಲ್ಲ. ರಾತ್ರಿಯಲ್ಲಿ ಇತ್ತು.

ದೊಡ್ಡ ಹಣ್ಣಿನ ತಳಿಗಳಿಗೆ ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಕೆ ಹೆಚ್ಚು ಆಗಿಬರಲ್ಲ. ರಾತ್ರಿ 22, 23 ಡಿಗ್ರಿ ದಾಟಿತೋ, ಹೂವು ಬಿಡುತ್ತೆ, ಕಾಯಿ ಕಟ್ಟಲ್ಲ, ತೊಟ್ಟಿನ ಗಂಟಿನಲ್ಲಿ ಹಳದಿಯಾಗಿ ಉದುರುತ್ತೆ. ಮೂರನೇ ವರ್ಷ ಕನಿಷ್ಠ ಗರಿಷ್ಠ ತೋರಿಸುವ ಒಂದು ಥರ್ಮಾಮೀಟರ್ ತಂದು ನೀರಿನ ಟ್ಯಾಂಕಿನ ನೆರಳಿಗೆ ಕಟ್ಟಿ, ಹಳೆಯ ಡೈರಿಯ ಹಿಂದಿನ ಹಾಳೆಗಳಲ್ಲಿ ಬರೆಯುತ್ತ ಹೋದೆ. ಅಕ್ಟೋಬರಿನಲ್ಲಿ ರಾತ್ರಿ 24, 25. ನವೆಂಬರ್ 20ರ ಸುಮಾರಿಗೆ 20ಕ್ಕೆ ಇಳಿಯಿತು. ಡಿಸೆಂಬರ್, ಜನವರಿಯಲ್ಲಿ 15ರಿಂದ 18. ಮುಂಬಯಿಯ ಸಮುದ್ರದ ಬದಿಯ ಕೊಲಾಬಾದವರಿಗೆ ಇಷ್ಟು ಚಳಿ ಸಿಗಲ್ಲ, ಸಮುದ್ರ ಬಿಡಲ್ಲ. ನಾವು ಒಳಗಿರುವವರು, ಲೋಕಲ್ ರೈಲಿನಲ್ಲಿ ನೇತಾಡಿ ಹೋಗುವುದಕ್ಕೆ ಇದೊಂದು ಪರಿಹಾರ. ಫೆಬ್ರವರಿ ಕೊನೆಗೆ ಮತ್ತೆ ಬಾಗಿಲು ಮುಚ್ಚಿತು. ಅಂದರೆ ಕಾಯಿ ಕಟ್ಟಲು ಸಿಗುವುದು ಹದಿಮೂರು ಹದಿನಾಲ್ಕು ವಾರ ಮಾತ್ರ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಬೀಜದಿಂದ ಮೊದಲ ಹೂವಿಗೆ ನನ್ನಲ್ಲಿ ಎಪ್ಪತ್ತು ದಿನ. ಹಾಗಾದರೆ ಬಿತ್ತಬೇಕಾದ್ದು ಸೆಪ್ಟೆಂಬರ್ ಎರಡನೇ ವಾರ. ಮಳೆ ಇನ್ನೂ ಹೊಡೆಯುತ್ತಿರುತ್ತೆ, ಯಾರೂ ಬಿತ್ತಲ್ಲ. ನಾನು ಮೆಟ್ಟಿಲ ಹತ್ತಿರದ ಕಿಟಕಿಯ ಶೀಟಿನ ಕೆಳಗೆ ಬಿತ್ತಿದೆ. ದೀಪಾವಳಿ ಕಳೆದು ಬಿತ್ತುವವರ ಗಿಡಕ್ಕೆ ಚಳಿ ಸಿಗುತ್ತೆ, ಹೂವಿಗೆ ಸಿಗಲ್ಲ. ಅಷ್ಟೇ ವ್ಯತ್ಯಾಸ.

ಚಳಿ ಇದ್ದರೂ ಇಲ್ಲಿನ ಗಾಳಿಯಲ್ಲಿ ಪಸೆ ಜಾಸ್ತಿ, ಪರಾಗ ಅಂಟಿಕೊಂಡು ಬೀಳಲ್ಲ. ಹತ್ತೂವರೆ ಹನ್ನೊಂದಕ್ಕೆ ಗಾಳಿ ಒಣಗಿದಾಗ ಅಲ್ಲಾಡಿಸಬೇಕು. ಆ ಹೊತ್ತಿಗೆ ನಾನು ಮುಂಬಯಿಯ ಫೋರ್ಟಿನ ಆಫೀಸಿನಲ್ಲಿರುತ್ತೇನೆ. ಹಾಗಾಗಿ 250 ರೂಪಾಯಿಯ ಬ್ಯಾಟರಿ ಟೂತ್‌ಬ್ರಷ್ ಅಮ್ಮನ ಕೈಗೆ ಕೊಟ್ಟೆ. ಹೂವಿನ ಹಿಂದಿನ ತೊಟ್ಟಿಗೆ ಬ್ರಷ್‌ನ ಬೆನ್ನು ತಾಗಿಸಿ ಎರಡು ಸೆಕೆಂಡ್. ಕೆಳಗೆ ನನ್ನ ಕಪ್ಪು ಮೊಬೈಲ್ ಕವರ್ ಹಿಡಿದು ಕಲಿಸಿಕೊಟ್ಟಿದ್ದೆ, ಅರಿಸಿನದ ಹಾಗೆ ಪುಡಿ ಬಿದ್ದರೆ ಸರಿ, ಬೀಳದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ. "ಹೂವಿಗೆ ಹಲ್ಲುಜ್ಜಿ ಬಂದೆ" ಅಂತ ದಿನಾ ಫೋನಿನಲ್ಲಿ ವರದಿ.

ಗೊಬ್ಬರದ ವಿಷಯ ಬೇಗ ಮುಗಿಸುತ್ತೇನೆ. ಕೋಕೋಪೀಟಿನಲ್ಲಿ ಏನೂ ಇರಲ್ಲ, ನಾವೇ ಉಣಿಸಬೇಕು. ಸಾರಜನಕ, ರಂಜಕ, ಪೊಟ್ಯಾಶ್ ಸಮ ಇರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರ ವಾರಕ್ಕೆರಡು ಸಲ, ಲೀಟರಿಗೆ ಎರಡು ಗ್ರಾಂ. ಕಾಯಿ ನಿಂತ ಮೇಲೆ ಪೊಟ್ಯಾಶ್ ಜಾಸ್ತಿ ಇರುವ 13:0:45. ಕ್ಯಾಲ್ಶಿಯಂ ನೈಟ್ರೇಟ್ ಬೇರೆ ದಿನ, ಬೇರೆ ಬಕೆಟ್. ಅದನ್ನು 19:19:19 ಜೊತೆ ಕಲಸಿದರೆ ತಳದಲ್ಲಿ ಸುಣ್ಣದಂತೆ ಕೂರುತ್ತೆ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿ ಹಣ್ಣಿನ ತಳ ಕಪ್ಪಾಗುವುದು ನಿಲ್ಲುತ್ತೆ ಅಂತ ಕಾದವರಲ್ಲಿ ನಾನೂ ಒಬ್ಬ. ಸೀಸನ್ ಮುಗಿದ ಮೇಲೆ ಬಕೆಟ್ ಬುಡಮೇಲು ಮಾಡಿದರೆ ಚಿಪ್ಪು ಹಾಕಿದ ಹಾಗೆಯೇ ಇತ್ತು. ತಳ ಕಪ್ಪಾಗುವುದಕ್ಕೆ ಮದ್ದು ನೀರು ದಿನಾ ಒಂದೇ ಅಳತೆಯಲ್ಲಿ ಕೊಡುವುದು.

ಇದಲ್ಲದೆ ಮೀನಿನ ರಸ ಒಂದಿದೆ. ಒಣ ಬೊಂಬಿಲ್ ತಲೆ, ಬೆಲ್ಲ, ಮತ್ತೆ ಇನ್ನೊಂದು ಸಾಮಾನು. ಆ ಇನ್ನೊಂದು ಏನು ಅಂತ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ. ವಾಸನೆ ಬರದ ಹಾಗೆ ಮಾಡುವುದು ಅದೇ, ಅದನ್ನು ಕಂಡುಹಿಡಿಯುವ ಮೊದಲು ಎದುರು ಮನೆಯವರು ಒಂದು ವಾರ ಬಾಗಿಲು ತೆರೆದಿರಲಿಲ್ಲ. ಕೊನೆಯ ಮೂರು ವಾರ ನೀರು ಹೇಗೆ ಇಳಿಸುತ್ತೇನೆ ಅನ್ನುವುದನ್ನೂ ಈಗ ಬರೆಯಲ್ಲ.

ಹಣ್ಣು ದೊಡ್ಡದಾಗಬೇಕಾದರೆ ಕರುಳು ಗಟ್ಟಿ ಮಾಡಿ ಕಾಯಿ ಕೀಳಬೇಕು. ಗಿಡಕ್ಕೆ ಒಂದೇ ಕಾಂಡ, ಗೊಂಚಲಿಗೆ ಎರಡೇ ಕಾಯಿ. ಶುರುವಿನಲ್ಲಿ ಎರಡು ಮೂರು ಹೂವು ಅಂಟಿಕೊಂಡ ಹಾಗೆ ಅಗಲವಾಗಿ ಬರುವ ಒಂದು ದಪ್ಪ ಹೂವು ಇರುತ್ತಲ್ಲ, ಅದನ್ನು ಕೀಳಬೇಡಿ, 640 ಬಂದಿದ್ದು ಅಂಥದ್ದರಿಂದಲೇ. 1986ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಡೆಲಿಷಸ್ ತಳಿಯ ಒಂದೇ ಹಣ್ಣು ಮೂರೂವರೆ ಕಿಲೋ ತೂಗಿತ್ತು, ಅದನ್ನು ಓದಿ ನಾನೂ ಒಂದು ಗಿಡದಲ್ಲಿ ಒಂದೇ ಕಾಯಿ ಬಿಟ್ಟು ನೋಡಿದೆ. ಅಷ್ಟರಲ್ಲಿ ಒಂದು ಮದುವೆಗೆ ಊರಿಗೆ ಹೋಗಬೇಕಾಯಿತು. ನಾನಿಲ್ಲದಾಗ ಗಿಡ ಒಣಗೀತು ಅಂತ ಅಮ್ಮ ದಿನಕ್ಕೆರಡು ಸಲ ನೀರು ಹಾಕಿದ್ದಾಳೆ. ವಾಪಸ್ ಬಂದಾಗ ಹಣ್ಣು ಹೆಗಲಿನಿಂದ ತಳದ ತನಕ ಸೀಳಿತ್ತು, ಒಳಗೆ ಇರುವೆ. ತೂಕ ಹಾಕಲು ಮನಸ್ಸಾಗಲಿಲ್ಲ. ಅಮ್ಮ ಎರಡು ದಿನ ನನ್ನ ಮುಖ ನೋಡಲಿಲ್ಲ, ನಾನೇ ಹೋಗಿ ಅದು ಮೊದಲೇ ಬಿರಿದಿತ್ತು ಅಂತ ಸುಳ್ಳು ಹೇಳಿದೆ.

ಈ ಸಲ ಎಂಟು ಗಿಡ. ಎಲ್ಲ ಸೇರಿ 17, 18 ಕಿಲೋ. ಜಾಸ್ತಿ ಬಂದಿದ್ದು ಚೆರೋಕಿ ಪರ್ಪಲ್, ಒಂದೊಂದು 250ರಿಂದ 350 ಗ್ರಾಂ. ಬ್ರಾಂಡಿವೈನ್ ಮೂರು ಗಿಡಕ್ಕೆ ಏಳೇ ಹಣ್ಣು, ಆದರೆ ದೊಡ್ಡಣ್ಣ ಅದರದ್ದೇ. ಆಕ್ಸ್‌ಹಾರ್ಟ್ ನನಗೆ ಒಗ್ಗಲಿಲ್ಲ. ಭಾರಕ್ಕೆ ಗೊಂಚಲು ಮುರಿಯದಿರಲಿ ಅಂತ ಈರುಳ್ಳಿ ಬರುವ ಬಲೆ ಚೀಲದಲ್ಲಿ ಹಣ್ಣು ಕೂರಿಸಿ ಮೇಲಿನ ತಂತಿಗೆ ಕಟ್ಟಿದೆ. ಮೊದಲ ಸಲ ನೋಡಿದ ಕೆಳಮನೆ ಹುಡುಗ, "ಅಂಕಲ್, ಇವಕ್ಕೆ ಯಾಕೆ ಜೋಕಾಲಿ?" ಅಂತ ಕೇಳಿದ.

ಖರ್ಚು? ನಾಲ್ಕು ವರ್ಷಕ್ಕೆ 12 ಸಾವಿರ ದಾಟಿದೆ, ಈ ವರ್ಷದ್ದು 2,300. ಹೆಂಡತಿ ಲೆಕ್ಕ ಹಾಕಿ ಕಿಲೋಗೆ 600 ಮೇಲೆ ಬಿತ್ತು ಅಂದಳು. ಜನವರಿಯಲ್ಲಿ ಸ್ಟೇಷನ್ ಹತ್ತಿರ ಕಿಲೋಗೆ 30ಕ್ಕೆ ಸಿಗುತ್ತಿತ್ತು. 2023ರ ಜುಲೈಯಲ್ಲಿ ಕಿಲೋಗೆ ನೂರೈವತ್ತರ ಮೇಲೆ ಹೋಗಿತ್ತಲ್ಲ, ಆಗ "ನಿಮ್ಮ ತೋಟದ್ದು ಎಲ್ಲಿ?" ಅಂತ ಕೇಳಿದ್ದಳು. ಆಗ ನನ್ನ ತೋಟದಲ್ಲಿ ಖಾಲಿ ಬಕೆಟ್ ಇದ್ದವು.

ಇದನ್ನು ಸಾರಿಗೆ ಹಾಕಬೇಡಿ, ಹುಳಿ ಸಾಲದು, ಅಮ್ಮ ಹಾಕಿ ನೋಡಿ ಮತ್ತೆ ಹುಣಸೆ ಕಿವುಚಿದಳು. ಹಸಿರು ಚಟ್ನಿ ಸವರಿದ ಬ್ರೆಡ್ ಮೇಲೆ ದಪ್ಪ ಹೋಳು ಒಂದು, ಮೇಲೆ ಉಪ್ಪು, ಕಾಳುಮೆಣಸು. ಹೋಳು ಬ್ರೆಡ್ಡಿಗಿಂತ ಅಗಲ. 640ರ ಹಣ್ಣಿನಲ್ಲಿ ಹಾಗೆ ಏಳು ಹೋಳು ಬಂತು, ಎರಡು ಸೆಕ್ರೆಟರಿ ಮನೆಗೆ ಹೋಯಿತು.

ಬೀಜ ಮಾತ್ರ ಬಿಡಲಿಲ್ಲ. ಲೋಟದಲ್ಲಿ ಮೂರು ದಿನ ಹುಳಿ ಬರಿಸಿ, ತೊಳೆದು, ಕಾಫಿ ಫಿಲ್ಟರ್ ತಟ್ಟೆಯಲ್ಲಿ ಒಣಗಿಸಿದೆ. ಭಾವ ಹೋದ ತಿಂಗಳು ಬಂದಿದ್ದರು. ಅವರ ಗಿಡದ ಫೋಟೋ ತೋರಿಸಿದರು, ಹಣ್ಣುಗಳ ತಳವೆಲ್ಲ ಸುಕ್ಕುಗಟ್ಟಿ, ಕಂದು ಗೆರೆ ಬಿದ್ದು ಮಡಚಿಕೊಂಡಿದ್ದವು. ಪುಣೆಯಲ್ಲಿ ರಾತ್ರಿ 10, 11 ಡಿಗ್ರಿಗೆ ಇಳಿದಾಗ ಮೂಡಿದ ಮೊಗ್ಗಿನದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು. ಏನೂ ಹೇಳಲಿಲ್ಲ. ಎಣಿಸಿ ಆರು ಬೀಜ ಕೊಟ್ಟೆ. "ಯಾವಾಗ ಬಿತ್ತಬೇಕಾ?" ಅಂದರು.

"ನಿಮ್ಮದು ಒಳ್ಳೆ ಹವೆ ಅಲ್ವಾ ಭಾವ, ಯಾವಾಗ ಬೇಕಾದರೂ ಬಿತ್ತಿ" ಅಂದೆ.