ಕಾಲು ಜೋಮು, ರಿಪೋರ್ಟ್ ನಾರ್ಮಲ್: ನರದ ತೊಂದರೆಗೆ ಕಾರಣ ಹುಡುಕುವುದು ಹೇಗೆ

ನರದ ಡಾಕ್ಟರ್ ಮುಂದೆ ಕೂತು ಜೋಮು, ಉರಿ, ವೀಕ್ನೆಸ್ ಅಂತ ಹೇಳಿ ಸುಮ್ಮನಾದರೆ ಅವರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ದಿನಾ ಮಾಡುವ ಯಾವ ಕೆಲಸ ಈಗ ಆಗುತ್ತಿಲ್ಲ, ಅದನ್ನು ಹೇಳಿ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವಳು. ಪವರ್ ಮಷಿನ್ ಪೆಡಲ್ ಮೇಲೆ ಕಾಲು ಎಷ್ಟು ಒತ್ತಿದೆ ಅಂತ ನನಗೆ ತಿಳಿಯುತ್ತಿರಲಿಲ್ಲ. ಹೊಲಿಗೆ ಸರ್ರಂತ ಓಡಿಹೋದ ಮೇಲೆ ಬಗ್ಗಿ ನೋಡಬೇಕಿತ್ತು. ಇದನ್ನು ಹೇಳಿದ ಮೇಲೇ ಡಾಕ್ಟರ್ ಚಪ್ಪಲಿ ಬಿಡಿಸಿ ಪಾದ ನೋಡಿದ್ದು.

ಹೋಗುವ ಮೊದಲು ಮನೆಯಲ್ಲೇ ಕೆಲವು ಗಮನಿಸಿಕೊಳ್ಳಿ. ನಡೆಯುವಾಗ ಚಪ್ಪಲಿ ಜಾರಿ ಬಿದ್ದುಹೋಗುತ್ತಾ? ಬಿದ್ದದ್ದೇ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ. ಗೊತ್ತಾಗುತ್ತದೆ, ಆದರೆ ಬೆರಳಲ್ಲಿ ಹಿಡಿದುಕೊಳ್ಳಲು ಆಗುವುದಿಲ್ಲ ಅಂದರೆ ಶಕ್ತಿ ಕಡಿಮೆಯಾಗಿದೆ. ಎರಡಕ್ಕೂ ಹುಡುಕುವ ದಾರಿ ಬೇರೆ ಬೇರೆ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ಮುಂದಕ್ಕೆ ವಾಲುತ್ತೀರಾ? ನೆಲ ಹತ್ತಿಯ ಹಾಗೆ ಮೆತ್ತಗೆ ಅನಿಸುತ್ತಾ? ಅನ್ನ ಕಲಸಲು, ಗುಂಡಿ ಹಾಕಲು ಬೆರಳು ಕೇಳುತ್ತವಾ? ಕುಕ್ಕರಗಾಲಲ್ಲಿ ಕೂತವರು ಕೈ ಊರದೆ ಏಳಬಲ್ಲಿರಾ? ಯಾವಾಗ ಶುರುವಾಯಿತು, ಒಂದೇ ಕಡೆಯೋ ಎರಡೂ ಕಡೆಯೋ, ಪಾದದಿಂದ ಮೇಲೇರಿತೋ, ಬಂದು ಬಂದು ಹೋಗುತ್ತದೋ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಎರಡನೇ ಹಾಳೆಯನ್ನು ಯಾರೂ ಓದುವುದಿಲ್ಲ. ಫಿಟ್ಸ್, ನಡುಕ, ಕಣ್ಣು ಕತ್ತಲೆ ಬರುವುದು ಇದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ಕಣ್ಣಾರೆ ನೋಡಿದವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಪ್ರಜ್ಞೆ ತಪ್ಪಿದವರಿಗೆ ತಮಗೆ ಏನಾಯಿತು ಅಂತ ಹೇಗೆ ಗೊತ್ತಿರುತ್ತೆ?

ಕೆಲವಕ್ಕೆ ಹಾಳೆ, ಪೆನ್ನು ಅಂತ ಕೂರಬಾರದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಕಾಲು ದಿಢೀರನೆ ಬಿದ್ದುಹೋಗುವುದು ಲಕ್ವಾ ಇರಬಹುದು. ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಬೀಳಬೇಕು. ಕಾಲಿನ ಸೋಲು ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ, ಉಸಿರು ಕಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗೇ ಹೋಗುತ್ತಿದ್ದರೆ, ಕೂರುವ ಜಾಗ ಮರಗಟ್ಟಿದರೆ, ಆಗಲೂ 108ಕ್ಕೆ ಫೋನ್ ಮಾಡಿ.

ಉಳಿದದ್ದಕ್ಕೆ ಮೊದಲು ಫಿಜಿಶಿಯನ್ ಹತ್ತಿರ ಹೋಗಿ. ನಮ್ಮ ಕಡೆ ತಲೆ ತಿರುಗಿದರೂ ಎಂಆರ್‌ಐ, ಬೆರಳು ಜುಮ್ಮೆಂದರೂ ಎಂಆರ್‌ಐ. ಸಾವಿರಾರು ರೂಪಾಯಿ ಅಲ್ಲಿಗೇ ಹೋಗುತ್ತದೆ. ಎರಡೂ ಪಾದದಿಂದ ಶುರುವಾದ ಜೋಮಿಗೆ ಸಾಮಾನ್ಯವಾಗಿ ಮೊದಲು ಬೇಕಾದದ್ದು ರಕ್ತ ಪರೀಕ್ಷೆ: ಶುಗರ್, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಥೈರಾಯ್ಡ್, ಕಿಡ್ನಿ, ಲಿವರ್, ಬಿ12. ಎಚ್‌ಐವಿ ಮತ್ತು ವಿಡಿಆರ್‌ಎಲ್ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ. ವಿಡಿಆರ್‌ಎಲ್ ಅಂದರೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗದ ಪರೀಕ್ಷೆ. ಎಚ್‌ಐವಿ, ಸಿಫಿಲಿಸ್ ಎರಡೂ ನರಕ್ಕೆ ಪೆಟ್ಟು ಕೊಡುವ ಕಾಯಿಲೆಗಳೇ, ಅದಕ್ಕೇ ಕೇಳುತ್ತಾರೆ.

ಬಿ12 ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಜೋಮು ಅಂದ ಕೂಡಲೇ ಕೆಂಪು ಬಣ್ಣದ ಇಂಜೆಕ್ಷನ್ ಚುಚ್ಚುವುದು ಎಲ್ಲ ಕಡೆ ಇದೆ. ಅದು ಬಿ12. ಚುಚ್ಚಿಸಿಕೊಂಡ ಮೇಲೆ ರಕ್ತ ಕೊಟ್ಟರೆ ರಿಪೋರ್ಟಿನಲ್ಲಿ ಬಿ12 ತುಂಬಿ ತುಳುಕುತ್ತಿರುತ್ತದೆ, ಮೊದಲು ಕಡಿಮೆ ಇತ್ತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಮೊದಲು ರಕ್ತ, ಆಮೇಲೆ ಸೂಜಿ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಶುಗರಿಗೆ ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗಿದವರಲ್ಲಿ, ಗ್ಯಾಸ್ ಮಾತ್ರೆ ಬಿಡದೆ ತೆಗೆದುಕೊಳ್ಳುವವರಲ್ಲಿ ಇದು ಕಡಿಮೆಯಾಗುವುದು ಹೆಚ್ಚು. ರಕ್ತ ಚೆನ್ನಾಗಿದೆ, ಹಿಮೋಗ್ಲೋಬಿನ್ 12 ಇದೆ ಅಂದ ಮಾತ್ರಕ್ಕೆ ಬಿ12 ಸರಿ ಇದೆ ಅಂತಲ್ಲ. ಬಿ12 ಅಂಕಿ 200ರ ಆಸುಪಾಸಿನಲ್ಲಿ ನಿಂತರೆ, ಕೊರತೆ ನಿಜವೇ ಅಂತ ತಿಳಿಯಲು ನೆರವಾಗುವ ಹೋಮೋಸಿಸ್ಟೀನ್ ಪರೀಕ್ಷೆ ಬೇಕಾ ಅಂತ ಕೇಳಿ. ಇನ್ನೊಂದು ಮಾತು. ಮೆಡಿಕಲ್ ಶಾಪಿನಿಂದ ತಂದ ಹಲವು "ನರದ ಮಾತ್ರೆ"ಗಳಲ್ಲಿ ಬಿ6 ಇರುತ್ತದೆ. ಬಿ6 ಅತಿಯಾದರೆ ಅದೇ ಜೋಮು ತರುತ್ತದೆ! ನುಂಗುತ್ತಿರುವ ಎಲ್ಲದರ ಸ್ಟ್ರಿಪ್‌ಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರೆ ತೀರಿಸಿ, ನಾನೂ ತೀರಿಸಿದ್ದೇನೆ. ಆದರೆ ಹೆಸರಿಲ್ಲದ ಪೊಟ್ಟಣದ ಪುಡಿ ಬೇಡ. ಅಂಥ ಕೆಲವು ಪುಡಿಗಳಲ್ಲಿ ಸೀಸ, ಸ್ಟೀರಾಯ್ಡ್ ಸಿಕ್ಕಿವೆ.

ನಮ್ಮ ಸೀಮೆಯವರು ಡಾಕ್ಟರ್ ಕೇಳದಿದ್ದರೂ ತಾವಾಗೇ ಹೇಳಬೇಕಾದದ್ದು ನೀರು ಮತ್ತು ಹೊಲ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಫ್ಲೋರೈಡ್ ಇರುವ ಬೋರ್‌ವೆಲ್‌ಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ತುಂಬಾ ವರ್ಷ ಕುಡಿದವರಲ್ಲಿ ಬೆನ್ನು, ಕುತ್ತಿಗೆ ಬಿಗಿಯಾಗಿ, ಬೆಳೆದ ಮೂಳೆ ಬೆನ್ನುಹುರಿಯನ್ನು ಒತ್ತಿ, ಕಾಲು ಸೋಲುವುದುಂಟು. ಈಗ ಬೆಂಗಳೂರಿನಲ್ಲಿದ್ದರೂ ಚಿಕ್ಕಂದಿನಲ್ಲಿ ಯಾವ ಊರಿನ ನೀರು ಕುಡಿದಿರಿ ಅಂತ ಹೇಳಿ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಕೀಟನಾಶಕದ ಎಣ್ಣೆ ಹೊಡೆಯುವವರು ಡಬ್ಬಿಯ ಲೇಬಲ್ ಫೋಟೋ ತೆಗೆದುಕೊಳ್ಳಿ. ಅಂಥ ಕೆಲವು ಔಷಧಿ ಜಾಸ್ತಿ ಮೈಗೆ ಹೋದರೆ, ಆಗ ಸುಧಾರಿಸಿಕೊಂಡರೂ ಎರಡು ಮೂರು ವಾರದ ಮೇಲೆ ಕಾಲಿಗೆ ಸೋಲು ಬರಬಹುದು. ಮೈಮೇಲೆ ಚಿವುಟಿದರೂ ತಿಳಿಯದ ಬಿಳಿಚಿದ ಮಚ್ಚೆ ಇದ್ದರೆ ಮುಚ್ಚಿಡಬೇಡಿ. ಅದು ಕುಷ್ಠ ಇರಬಹುದು. ಪೂರ್ತಿ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ.

ಮುಂದೆ ನರ್ವ್ ಕಂಡಕ್ಷನ್ ಟೆಸ್ಟ್, ಅಂದರೆ ನರದಲ್ಲಿ ಸಂಕೇತ ಎಷ್ಟು ಬೇಗ ಹರಿಯುತ್ತದೆ ಅಂತ ನೋಡುವ ಪರೀಕ್ಷೆ, ಬರೆಯುತ್ತಾರೆ. ಹೆದರುವಂಥದ್ದಲ್ಲ. ಪಾದಕ್ಕೆ, ಮಣಿಕಟ್ಟಿಗೆ ಪಟ್ಟಿ ಅಂಟಿಸಿ ಸಣ್ಣ ಶಾಕ್ ಕೊಡುತ್ತಾರೆ. ಬೆರಳು ತನ್ನಷ್ಟಕ್ಕೆ ಟಣ್ಣಂತ ಎಗರುತ್ತದೆ. ನನಗಂತೂ ನಗು ಬಂತು. ಅವತ್ತು ಕೈಕಾಲಿಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ. ಎಸಿ ರೂಮಿನಲ್ಲಿ ಪಾದ ತಣ್ಣಗಾಗಿದ್ದರೆ ಹೇಳಿ, ಬೆಚ್ಚಗೆ ಮಾಡಿಯೇ ಪರೀಕ್ಷೆ ಮಾಡಲಿ. ತಣ್ಣನೆ ಕಾಲಲ್ಲಿ ನರ ನಿಧಾನ ತೋರಿಸುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ.

ನನ್ನದು ನಾರ್ಮಲ್ ಬಂತು. "ಏನೂ ಇಲ್ಲ, ಟೆನ್ಷನ್ ಬಿಡಮ್ಮ" ಅಂತ ಒಬ್ಬರು ಕಳಿಸಿಯೇ ಬಿಟ್ಟರು. ಆ ಪರೀಕ್ಷೆ ನೋಡುವುದು ದಪ್ಪ ನರಗಳನ್ನು. ಉರಿ, ಬಿಸಿ, ತಣ್ಣಗೆ ತಿಳಿಸುವ ಸಣ್ಣ ನರಗಳು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಚರ್ಮದ ಚೂರು ತೆಗೆದು ನೋಡುವ ಬಯಾಪ್ಸಿ ಇದೆ, ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ. ಎಂಆರ್‌ಐ ಕೂಡ ಮೆದುಳು, ಬೆನ್ನುಹುರಿಯ ಆಕಾರ ತೋರಿಸುತ್ತದೆ, ಪಾದದ ನರದ ಕೆಲಸ ತೋರಿಸುವುದಿಲ್ಲ. ಇನ್ನು ಮನಸ್ಸಿನದು ಅಂತ ಹೇಳಿದರೆ ಜಗಳ ಆಡಬೇಡಿ, "ಯಾವ ಲಕ್ಷಣ ನೋಡಿ ಹೇಳಿದಿರಿ ಸಾರ್" ಅಂತ ಕೇಳಿ. ನರ ಸರಿಯಿದ್ದೂ ಅದರ ಕೆಲಸ ಏರುಪೇರಾಗುವ ಕಾಯಿಲೆ ನಿಜವಾಗಿಯೂ ಇದೆ. ಫಂಕ್ಷನಲ್ ಅನ್ನುತ್ತಾರೆ. ನಾಟಕ ಅಲ್ಲ, ಫಿಸಿಯೋಥೆರಪಿಯಿಂದ ಸುಧಾರಿಸಬಹುದು. ಆದರೆ ಅದನ್ನೂ ಕಾಲು ಎತ್ತಿಸಿ, ಒತ್ತಿಸಿ, ಗುರುತು ಹಿಡಿದೇ ಹೇಳಬೇಕು. ರಿಪೋರ್ಟ್ ನಾರ್ಮಲ್ ಬಂತು ಅನ್ನುವ ಒಂದೇ ಕಾರಣಕ್ಕೆ ಹಾಗೆ ಹೇಳುವಂತಿಲ್ಲ.

ಎಲ್ಲಿಗೆ ಹೋಗುವುದು? ಬಳ್ಳಾರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಹೆಸರು ಬದಲಾದರೂ ನಾವು ವಿಮ್ಸ್ ಅಂತಲೇ ಕರೆಯುವುದು. ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಕಿಮ್ಸ್. ಅಲ್ಲಿ ಬಗೆಹರಿಯದಿದ್ದರೆ ರೆಫರಲ್ ಚೀಟಿ ಬರೆಸಿಕೊಂಡು ಬೆಂಗಳೂರಿನ ನಿಮ್ಹಾನ್ಸ್. ಅದು ಬರೀ ಮಾನಸಿಕ ಆಸ್ಪತ್ರೆ ಅಂತ ನಮ್ಮತ್ತೆ ಗಲಾಟೆ ಮಾಡಿದ್ದರು. ನರರೋಗಕ್ಕೂ ಅದೇ ದೊಡ್ಡ ಆಸ್ಪತ್ರೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ನೋಂದಣಿ ಹೊತ್ತಿಗೆ ತಲುಪಬಹುದು. ಹೊಸಬರಿಗೆ ಮೊದಲು ಸ್ಕ್ರೀನಿಂಗ್, ಆಮೇಲೆ ವಿಭಾಗ. ದಿನವಿಡೀ ಹಿಡಿಯುತ್ತದೆ, ಬುತ್ತಿ ಕಟ್ಟಿಕೊಳ್ಳಿ. ರಾಯಚೂರಿನವರಿಗೆ ಹೈದರಾಬಾದಿನ ನಿಮ್ಸ್ ಹತ್ತಿರ. ಬಿಪಿಎಲ್ ಕಾರ್ಡ್, ಆಧಾರ್ ಮರೆಯಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಅದು ಅಡ್ಮಿಟ್ ಆದಾಗಿನ ಚಿಕಿತ್ಸೆಗೆ. ಹೊರರೋಗಿಯಾಗಿ ಮಾಡಿಸುವ ಪರೀಕ್ಷೆಗೆ ಕೈಯಿಂದಲೇ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಎಂಆರ್‌ಐ ರಿಪೋರ್ಟ್ ಜೊತೆ ಫಿಲ್ಮ್, ಸಿಡಿ ಕೇಳಿ ಪಡೆಯಿರಿ. ದೊಡ್ಡ ಡಾಕ್ಟರು ಚಿತ್ರವನ್ನೇ ನೋಡುತ್ತಾರೆ, ಕಾಗದ ಪಕ್ಕಕ್ಕಿಡುತ್ತಾರೆ.

ಕಾರಣ ಸಿಗುವ ತನಕ ಪಾದ ಕಾಯ್ದುಕೊಳ್ಳಿ. ಸ್ಪರ್ಶ ಇಲ್ಲದ ಕಾಲಿಗೆ ಬಿಸಿನೀರಿನ ಶಾಖ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಬರಿಗಾಲಲ್ಲಿ ಮಾಳಿಗೆ ಹತ್ತಬೇಡಿ. ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ.

ಕೆಲವರಿಗೆ ಎಷ್ಟು ಹುಡುಕಿದರೂ ಹೆಸರು ಬೇಗ ಸಿಗುವುದಿಲ್ಲ. ನರದ ಕೆಲವು ಕಾಯಿಲೆ ಕಾಲ ಹೋದಂತೆ ಮಾತ್ರ ಮುಖ ತೋರಿಸುತ್ತವೆ. ಅದಕ್ಕೇ ವಾರಕ್ಕೊಬ್ಬ ಡಾಕ್ಟರ್ ಬದಲಾಯಿಸುವುದಕ್ಕಿಂತ, ಮೊದಲು ನೋಡಿದವರೇ ಮತ್ತೆ ನೋಡಿದರೆ ವ್ಯತ್ಯಾಸ ಹಿಡಿಯುತ್ತಾರೆ. ನನಗೆ ಬಿ12 ಕಡಿಮೆ ಇತ್ತು, ತುಂಬಿದ ಮೇಲೆ ಪೆಡಲ್ ತಿಳಿಯತೊಡಗಿತು. ಪಾದದ ಉರಿ ಮಾತ್ರ ಹೋಗಿಲ್ಲ. ಚೀಟಿಯಲ್ಲಿ ಈಗ "ಸಣ್ಣ ನರದ ತೊಂದರೆ ಇರಬಹುದು, ಕಾರಣ ನೋಡಬೇಕು" ಅಂತಿದೆ. ಉರಿ ಮಂಡಿ ದಾಟಿದರೆ, ಕೈಗೆ ಬಂದರೆ, ಎದ್ದು ನಿಂತಾಗ ತಲೆ ಸುತ್ತಿದರೆ ತಾರೀಕು ಕಾಯದೆ ಬಾ ಅಂದಿದ್ದಾರೆ. ಅದನ್ನೂ ಅದೇ ಚೀಟಿಯ ಮೇಲೆ ಬರೆಸಿಕೊಂಡಿದ್ದೇನೆ.